ಸ್ಟ್ರೈಕ್ ಆಫ್ ಆದ ನಮ್ಮ ಕಂಪನಿಯನ್ನು ಮತ್ತೆ ರಿಜಿಸ್ಟರಿಗೆ ತಂದ ಬಗೆ

ಕಂಪನಿ ಹೆಸರು ಸರ್ಕಾರದ ಕಂಪನಿ ರಿಜಿಸ್ಟರಿನಿಂದ ಹೋಗಿದೆ, ಅಂದರೆ ಸ್ಟ್ರೈಕ್ ಆಫ್ ಆಗಿದೆ ಅಂತ ಗೊತ್ತಾದಾಗ ನಮಗೆ ಸಿಕ್ಕ ಮೊದಲ ಸಲಹೆ, "ಹೊಸ ಕಂಪನಿ ತೆಗೆದುಬಿಡಿ, ಹದಿನೈದು ದಿನದ ಕೆಲಸ." ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಬೆಳಗಾವಿ ಹತ್ತಿರದ ಹೊನಗಾದಲ್ಲಿ ನಮ್ಮ ಫೌಂಡ್ರಿ ನಿಂತಿರುವ ಜಾಗ ಇರುವುದು ಹಳೇ ಕಂಪನಿಯ ಹೆಸರಿನಲ್ಲಿ. ಕೈಗಾರಿಕಾ ಜಾಗ ಕೊಡುವ ಸರ್ಕಾರಿ ಮಂಡಳಿ ಕೆಐಎಡಿಬಿ ಜೊತೆಗಿನ ಕರಾರು ಅದರ ಹೆಸರಿನಲ್ಲಿ. ಗ್ರಾಹಕರು ಕೊಟ್ಟ ವೆಂಡರ್ ಕೋಡ್, ವಿದ್ಯುತ್ ಸಂಪರ್ಕ, ಕಾರ್ಮಿಕರ ಪಿಎಫ್, ಎಲ್ಲವೂ ಅದರದ್ದೇ. ಹೊಸ ಕಂಪನಿ ತೆಗೆದರೆ ಇವು ತಾವಾಗಿ ಅದಕ್ಕೆ ಬರುವುದಿಲ್ಲ. ಆಸ್ತಿ ಇರುವ, ನಡೆಯುತ್ತಿರುವ ಕಂಪನಿಯಾದರೆ ಹಳೆಯದನ್ನೇ ಎಬ್ಬಿಸಬೇಕು. ಈ ಮಾತನ್ನು ಈಗಲೂ ಕೇಳಿದವರಿಗೆಲ್ಲ ಹೇಳುತ್ತೇನೆ.

ಆಗಿದ್ದು ಇಷ್ಟು. ಅಪ್ಪ ಮತ್ತು ಚಿಕ್ಕಪ್ಪ ನಿರ್ದೇಶಕರು, ನಾನು ಷೇರುದಾರ. ಆದಾಯ ತೆರಿಗೆ ರಿಟರ್ನ್ ಪ್ರತಿ ವರ್ಷ ಹೋಗುತ್ತಿತ್ತು. ಮೊದಲು ವ್ಯಾಟ್, 2017ರ ಜುಲೈನಿಂದ ಜಿಎಸ್‌ಟಿ, ಅದೂ ಸರಿಯಾಗೇ ಹೋಗುತ್ತಿತ್ತು. ಆದರೆ ಕಂಪನಿ ಕಾಯ್ದೆ ಪ್ರಕಾರ ರಿಜಿಸ್ಟ್ರಾರ್ ಆಫ್ ಕಂಪನೀಸ್, ಅಂದರೆ ಆರ್‌ಒಸಿಗೆ ಹೋಗಬೇಕಾದ ಎರಡು ಫಾರ್ಮ್ ನಿಂತಿದ್ದವು. ಬ್ಯಾಲೆನ್ಸ್ ಶೀಟಿನ ಎಒಸಿ-4, ವಾರ್ಷಿಕ ರಿಟರ್ನಿನ ಎಂಜಿಟಿ-7. ಆ ಕೆಲಸ ನೋಡುತ್ತಿದ್ದವರು ಆಫೀಸ್ ಮುಚ್ಚಿ ಊರು ಬಿಟ್ಟಿದ್ದರು. ತೆರಿಗೆ ಕಟ್ಟಿದರೆ ಎಲ್ಲ ಮುಗಿಯಿತು ಅಂತ ಮನೆಯಲ್ಲಿ ಅಂದುಕೊಂಡಿದ್ದರು. ತೆರಿಗೆ ಇಲಾಖೆಯೇ ಬೇರೆ, ಆರ್‌ಒಸಿಯೇ ಬೇರೆ. ಸಣ್ಣ ಕಂಪನಿಗಳು ಜಾಸ್ತಿ ಸಿಕ್ಕಿಕೊಳ್ಳುವುದು ಇಲ್ಲೇ. ಹೆಸರು ತೆಗೆಯುವ ಮೊದಲು 248ನೇ ಸೆಕ್ಷನ್ ಕೆಳಗೆ ಕಳಿಸುವ ಎಸ್‌ಟಿಕೆ-1 ನೋಟಿಸ್ ಹೋಗಿದ್ದು ಖಡೇ ಬಜಾರಿನ ಹಳೇ ವಿಳಾಸಕ್ಕೆ. ಕೊನೆಗೆ ಹೆಸರು ತೆಗೆದ ಕಂಪನಿಗಳ ಎಸ್‌ಟಿಕೆ-7 ಪಟ್ಟಿಯಲ್ಲಿ ನೂರಾರು ಹೆಸರಿನ ನಡುವೆ ನಮ್ಮದೂ ಒಂದು. 2017-18ರ ಸುಮಾರಿಗೆ ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪನಿಗಳು ಹೀಗೆ ಹೋದವು.

ಹೆಸರು ಹೋದ ಮೇಲೆ ಬ್ಯಾಂಕ್ ಖಾತೆಗೆ ದುಡ್ಡು ಬರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಪಗಾರಕ್ಕೆ ಕೈಯಿಂದ ಹಾಕಬೇಕಾಯಿತು. ಹೆಸರು ಹೋದ ಕಂಪನಿ ಬರಬೇಕಾದ ಬಾಕಿ ವಸೂಲಿ ಮಾಡಬಹುದು, ಕೊಡಬೇಕಾದ್ದನ್ನು ತೀರಿಸಬಹುದು. 250ನೇ ಸೆಕ್ಷನ್ ಇಷ್ಟಕ್ಕೆ ಮಾತ್ರ ಬಿಡುತ್ತದೆ.

ದಾರಿ ಇರುವುದು 252ನೇ ಸೆಕ್ಷನ್‌ನಲ್ಲಿ. ಅದರಲ್ಲಿ ಎರಡು ಬಾಗಿಲು. ಎರಡೂ ಹೋಗುವುದು ಎನ್‌ಸಿಎಲ್‌ಟಿಗೆ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ಟ್ರಿಬ್ಯುನಲ್‌ಗೆ. ಆರ್‌ಒಸಿ ಆದೇಶದಿಂದ ನೊಂದ ಯಾರೇ ಆದರೂ 3 ವರ್ಷದೊಳಗೆ ಅಪೀಲು ಹಾಕಬಹುದು. ಕಂಪನಿ, ಸದಸ್ಯ, ಸಾಲ ಕೊಟ್ಟವರು, ಕಾರ್ಮಿಕರು, ಇವರಾದರೆ ಗೆಜೆಟ್‌ನಲ್ಲಿ ಬಂದ ದಿನದಿಂದ 20 ವರ್ಷದೊಳಗೆ ಅರ್ಜಿ ಹಾಕಬಹುದು. ಅಪ್ಪ, ಚಿಕ್ಕಪ್ಪ ಇಬ್ಬರೂ ಆಗ 164(2)ರ ಕೆಳಗೆ ಅನರ್ಹರ ಪಟ್ಟಿಯಲ್ಲಿದ್ದರು. ಸತತ 3 ವರ್ಷ ರಿಟರ್ನ್ ಹೋಗದಿದ್ದರೆ ನಿರ್ದೇಶಕರಿಗೆ 5 ವರ್ಷದ ಅನರ್ಹತೆ. ಅದಕ್ಕೇ ನಾನು ಸದಸ್ಯನಾಗಿ, ಅಂದರೆ ಷೇರುದಾರನಾಗಿ, 252(3)ರಲ್ಲಿ ಅರ್ಜಿ ಹಾಕಿದೆ. ಫಾರ್ಮ್ ಎನ್‌ಸಿಎಲ್‌ಟಿ-9, ಶುಲ್ಕ 1,000 ರೂಪಾಯಿ. ಎನ್‌ಸಿಎಲ್‌ಟಿಯ ಬೆಂಗಳೂರು ಪೀಠದ ಮುಂದೆ ನಮ್ಮ ಪರ ಒಬ್ಬ ಕಂಪನಿ ಸೆಕ್ರೆಟರಿ ನಿಂತರು. ವಕೀಲರೇ ಆಗಬೇಕೆಂದಿಲ್ಲ, ಸಿಎ ಆಗಬಹುದು, ನೀವೇ ನಿಂತರೂ ಆಗುತ್ತದೆ.

ಟ್ರಿಬ್ಯುನಲ್ ನೋಡುವುದು ಮುಖ್ಯವಾಗಿ ಒಂದೇ ವಿಷಯ. ಹೆಸರು ತೆಗೆದ ಹೊತ್ತಿಗೆ ಕಂಪನಿ ನಡೆಯುತ್ತಿತ್ತಾ? ಅಥವಾ ಹೆಸರು ವಾಪಸ್ ಕೊಡುವುದು ನ್ಯಾಯ ಅನ್ನಲು ಬೇರೆ ಕಾರಣ ಇದೆಯಾ? ಕಷ್ಟ ಸುಖ ಹೇಳಿಕೊಂಡು ಪುಟ ತುಂಬಿಸಿದರೆ ಅಲ್ಲಿ ಏನೂ ಆಗುವುದಿಲ್ಲ. ಕಾಗದ ಬೇಕು, ಅದೂ ಅದೇ ತಿಂಗಳಿನ ಕಾಗದ.

ನಮ್ಮ ಫೈಲಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿದ್ದು ಹೆಸ್ಕಾಂನ ಕರೆಂಟ್ ಬಿಲ್ಲು. ಇಂಡಕ್ಷನ್ ಫರ್ನೇಸ್ ಉರಿಯುತ್ತಿದ್ದರೆ ಯೂನಿಟ್ ಎಷ್ಟು, ನಿಂತಿದ್ದರೆ ಎಷ್ಟು ಅಂತ ಬಿಲ್ಲಿನಲ್ಲೇ ಕಾಣುತ್ತದೆ. ಎಸ್‌ಟಿಕೆ-7 ಬಂದ ತಿಂಗಳು, ಅದರ ಹಿಂದಿನ ತಿಂಗಳು, ಮುಂದಿನ ತಿಂಗಳು, ಮೂರೂ ಬಿಲ್ಲು ಒಂದರ ಹಿಂದೆ ಒಂದು ಇಟ್ಟೆವು. ಅದರ ಪಕ್ಕಕ್ಕೆ ಅದೇ ತಿಂಗಳುಗಳ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-3ಬಿ, ಪಿಎಫ್ ಚಲನ್, ಗ್ರಾಹಕರ ಪರ್ಚೇಸ್ ಆರ್ಡರ್, ಕಾಸ್ಟಿಂಗ್ ಸಾಗಿಸಿದ ಲಾರಿ ರಸೀದಿ. ಆಮೇಲೆ ಜಾಗದ ಕಾಗದ, ಬಾಕಿ ವರ್ಷಗಳ ಆಡಿಟ್ ಆದ ಲೆಕ್ಕಪತ್ರ, ಆದಾಯ ತೆರಿಗೆ ರಿಟರ್ನಿನ ರಸೀದಿಗಳು. ಪ್ರತಿ ಪುಟಕ್ಕೂ ನಂಬರ್, ಮುಂದೆ ಸೂಚಿ. ಯಾವ ಪ್ರಶ್ನೆ ಬಂದರೂ ಪುಟ ಸಂಖ್ಯೆ ಹೇಳಿ ಉತ್ತರ ಕೊಡುವ ಹಾಗಿರಬೇಕು.

ಅರ್ಜಿಯ ಪ್ರತಿ ವಿಚಾರಣೆಗೆ ಕಡಿಮೆ ಅಂದರೂ 14 ದಿನ ಮೊದಲು ಆರ್‌ಒಸಿಗೆ ತಲುಪಬೇಕು. ಕೋರಮಂಗಲದ ಕೇಂದ್ರೀಯ ಸದನದಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆ. ಬೆಳಗಾವಿಯವರಿಗೆ ಇದು ಸುಲಭದ ಓಡಾಟವಲ್ಲ. ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಬೇಕು, ಬೆಳಿಗ್ಗೆ ಇಳಿದು ನೇರ ಆಫೀಸಿಗೆ. ಆರ್‌ಒಸಿ ವರದಿಯನ್ನು ನಾವು ಹೆದರಿಕೊಂಡೇ ಕಾದಿದ್ದೆವು. ಅದು ವಿರೋಧವಾಗಿ ಬರಲಿಲ್ಲ. ಬಾಕಿ ರಿಟರ್ನ್ ಎಲ್ಲ ಶುಲ್ಕದ ಸಮೇತ ಸಲ್ಲಿಸುವುದಾದರೆ ಅಡ್ಡಿಯಿಲ್ಲ ಅಂತಿತ್ತು. ಜೊತೆಗೆ ನೋಟು ರದ್ದತಿ ಕಾಲದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ್ದರು. 2016ರ ನವೆಂಬರ್ 8ರ ನಂತರ ಖಾತೆಗೆ ಅನುಮಾನ ಬರುವಂಥ ನಗದು ಬಿದ್ದಿಲ್ಲ ಅಂತ ಅಫಿಡವಿಟ್ ಹಾಕಿದೆವು.

ಅರ್ಜಿಯಲ್ಲಿ ಏನು ಕೇಳುತ್ತೀರಿ ಅನ್ನುವುದು ಬಹಳ ಮುಖ್ಯ. ಸುಮ್ನೆ "ಹೆಸರು ವಾಪಸ್ ಕೊಡಿ" ಅಂದರೆ ಸಾಲದು. ನಿರ್ದೇಶಕರ ಗುರುತಿನ ಸಂಖ್ಯೆ, ಅಂದರೆ ಡಿಐಎನ್, ಕೆಲಸ ಮಾಡದಿದ್ದರೆ ಕಂಪನಿ ಬದುಕಿದ ಮೇಲೂ ಫಾರ್ಮಿಗೆ ಸಹಿ ಹಾಕುವವರು ಇರುವುದಿಲ್ಲ. ಸ್ಟೇಟಸ್ 'ಆಕ್ಟಿವ್' ಆಗಬೇಕು, ಡಿಐಎನ್ ಚಾಲೂ ಆಗಬೇಕು, ಬ್ಯಾಂಕ್ ಖಾತೆ ಬಿಡುಗಡೆ ಆಗಬೇಕು ಅಂತ ಮೂರನ್ನೂ ಬಿಡಿಬಿಡಿಯಾಗಿ ಬರೆದೆವು. ಹೆಸರು ತೆಗೆದೇ ಇರಲಿಲ್ಲವೇನೋ ಅನ್ನುವ ಹಾಗೆ, ಆದಷ್ಟು ಮೊದಲಿನ ಸ್ಥಿತಿಗೇ ಕಂಪನಿಯನ್ನು ತರುವ ಅಧಿಕಾರ ಟ್ರಿಬ್ಯುನಲ್‌ಗೆ ಇದೆ. ನಡುವಿನ ಕಾಲದ ವ್ಯವಹಾರಗಳಿಗೆ ಅದೇ ರಕ್ಷಣೆ.

ಖರ್ಚು ಕಟ್ಟುವ ಷರತ್ತಿನ ಮೇಲೆ ಆದೇಶ ನಮ್ಮ ಪರ ಬಂತು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು ಅಷ್ಟೇ. ಆದೇಶದ ದೃಢೀಕೃತ ಪ್ರತಿ ತೆಗೆದು 30 ದಿನದೊಳಗೆ ಐಎನ್‌ಸಿ-28 ಫಾರ್ಮಿನಲ್ಲಿ ಆರ್‌ಒಸಿಗೆ ಸಲ್ಲಿಸಬೇಕು. ಗೆಜೆಟ್ ಪ್ರಕಟಣೆಯ ಖರ್ಚೂ ನಮ್ಮದೇ. ಆಮೇಲೆ ಹಳೇ ವರ್ಷಗಳ ರಿಟರ್ನ್, ಒಂದಾದ ಮೇಲೆ ಒಂದು.

ಶುಲ್ಕದ ಲೆಕ್ಕ ಮೊದಲೇ ಮಾಡಿಕೊಳ್ಳಿ. 2018ರ ಜುಲೈ 1ರಿಂದ ತಡವಾದ ಪ್ರತಿ ಫಾರ್ಮಿಗೆ ದಿನಕ್ಕೆ 100 ರೂಪಾಯಿ. ಒಂದು ವರ್ಷಕ್ಕೆ ಫಾರ್ಮ್ ಎರಡು. ಅಂದರೆ ಒಂದೇ ವರ್ಷದ ರಿಟರ್ನ್ ಒಂದು ವರ್ಷ ತಡವಾದರೆ 73,000 ರೂಪಾಯಿ. ನಾಲ್ಕು ವರ್ಷದ ಬಾಕಿ ಇದ್ದರೆ ನೀವೇ ಗುಣಿಸಿ ನೋಡಿ. ಸ್ಟ್ರೈಕ್ ಆಫ್ ಆಗಿದ್ದಾಗ ಆರ್‌ಒಸಿ ಫಾರ್ಮ್ ಸಲ್ಲಿಸುವ ಪೋರ್ಟಲ್ ಅವನ್ನು ತೆಗೆದುಕೊಳ್ಳುವುದಿಲ್ಲ. ಆದರೂ ದಿನಗಳ ಲೆಕ್ಕ ನಿಲ್ಲುವುದಿಲ್ಲ. ಇದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ. ಬಾಗಿಲು ಹಾಕಿಕೊಂಡವರೇ ತಡವಾಯಿತು ಅಂತ ದಂಡ ಕೇಳಿದರೆ ಸಣ್ಣವರು ಏನು ಮಾಡಬೇಕು? ತಡದ ಶುಲ್ಕದಲ್ಲಿ ರಿಯಾಯಿತಿ ಕೊಡುವ ಯೋಜನೆಗಳು ಆಗಾಗ ಬರುತ್ತವೆ. ಅರ್ಜಿ ಹಾಕುವ ಹೊತ್ತಿಗೆ ಅಂಥದ್ದೇನಾದರೂ ಚಾಲ್ತಿಯಲ್ಲಿದೆಯಾ, ಹೆಸರು ಹೋದ ಕಂಪನಿಗೂ ಅನ್ವಯಿಸುತ್ತದಾ ಅಂತ ನಿಮ್ಮ ಕಂಪನಿ ಸೆಕ್ರೆಟರಿ ಹತ್ತಿರ ಕೇಳಿಕೊಳ್ಳಿ. ಆದರೆ ಯೋಜನೆ ಬರಲಿ ಅಂತ ಅರ್ಜಿ ತಡ ಮಾಡಬೇಡಿ.

ರಿಟರ್ನ್ ಎಲ್ಲ ಹೋದ ಮೇಲೆ ಆದೇಶದ ಪ್ರತಿ, 'ಆಕ್ಟಿವ್' ಅಂತ ಬಂದ, ಪೋರ್ಟಲ್‌ನಲ್ಲಿ ಕಂಪನಿ ವಿವರ ತೋರಿಸುವ ಮಾಸ್ಟರ್ ಡೇಟಾ ಪ್ರಿಂಟ್ ಎರಡನ್ನೂ ಬ್ಯಾಂಕಿಗೆ, ಕೆಐಎಡಿಬಿಗೆ, ಗ್ರಾಹಕರಿಗೆ ಕೊಟ್ಟೆವು. ನೋಂದಾಯಿತ ಕಚೇರಿಯ ವಿಳಾಸವನ್ನು ಐಎನ್‌ಸಿ-22ರಲ್ಲಿ ಹೊನಗಾಕ್ಕೆ ಬದಲಿಸಿದೆವು. ಪೋರ್ಟಲ್‌ನಲ್ಲಿ ಊರು ಬಿಟ್ಟು ಹೋದವರ ಇಮೇಲ್ ಇತ್ತು, ಅದನ್ನೂ ತೆಗೆಸಿದೆವು. ಈಗ ಆರ್‌ಒಸಿಯಿಂದ ಬರುವ ಮೇಲ್ ನನಗೂ ಬರುತ್ತದೆ, ಅಪ್ಪನಿಗೂ ಬರುತ್ತದೆ.