ಮೊದಲು ಗೋಡೆ, ಆಮೇಲೆ ಸ್ಟೋವ್: ನಮ್ಮ ಮನೆಗೆ ಪೆಲೆಟ್ ಸ್ಟೋವ್ ಕೂರಿಸಿದ ಅನುಭವ

ಪೆಲೆಟ್ ಸ್ಟೋವ್, ಅಂದರೆ ಒತ್ತಿದ ಮರದ ಹೊಟ್ಟಿನ ತುಂಡು ಉರಿಸಿ ಮನೆ ಬೆಚ್ಚಗಿಡುವ ಒಲೆ, ತಗೊಳ್ಳಬೇಕು ಅಂತಿರುವವರು ನನ್ನನ್ನು ಮೊದಲು ಕೇಳುವುದು, "ಯಾವ ಕಂಪನಿದು ಒಳ್ಳೆಯದು?" ಅಂತ. ಕಂಪನಿ ಆಮೇಲೆ ನೋಡೋಣ, ಮೊದಲು ಅಳತೆ ಟೇಪ್ ಹಿಡಿದುಕೊಂಡು ಮನೆಯ ಒಳಗೊಂದು ಸುತ್ತು, ಹೊರಗೊಂದು ಸುತ್ತು ಹಾಕಿ ಬನ್ನಿ ಅಂತೀನಿ. ಹೊಗೆ ಯಾವ ಗೋಡೆಯಿಂದ ಆಚೆ ಹೋಗಬೇಕು, ಉರಿಯುವುದಕ್ಕೆ ಗಾಳಿ ಎಲ್ಲಿಂದ ಬರಬೇಕು, ಬಿಸಿ ಯಾವ ಕೋಣೆಯವರೆಗೆ ಹೋಗುತ್ತದೆ. ಇಷ್ಟು ಗೊತ್ತಾದರೆ ಸ್ಟೋವ್ ಆರಿಸುವುದು ಅಂಥ ಕಷ್ಟದ ಕೆಲಸವಲ್ಲ. ಇದು ಗೊತ್ತಾಗದೆ ಎಂಥ ದುಬಾರಿ ಸ್ಟೋವ್ ತಂದರೂ ಕಿರಿಕಿರಿ ತಪ್ಪಿದ್ದಲ್ಲ.

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ದಕ್ಷಿಣ ಭಾಗದಲ್ಲಿ. ಜನವರಿ ರಾತ್ರಿಗಳಲ್ಲಿ ಸೊನ್ನೆಗಿಂತ 15-20 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದೂ ಉಂಟು. ನ್ಯೂ ಇಂಗ್ಲೆಂಡ್ ಅನ್ನುವ ಈ ಈಶಾನ್ಯ ಭಾಗದ ಎಷ್ಟೋ ಹಳೆ ಮನೆಗಳ ಹಾಗೆ ನಮ್ಮದೂ ಹೀಟಿಂಗ್ ಆಯಿಲ್ (ಬಾಯ್ಲರ್‌ನಲ್ಲಿ ಉರಿಸುವ ಎಣ್ಣೆ) ಮನೆ. ಬೇಸ್‌ಮೆಂಟಿನಲ್ಲಿ ಬಾಯ್ಲರ್, ಗೋಡೆಗಳ ಬುಡದಲ್ಲಿ ಬಿಸಿನೀರಿನ ಪೈಪು. 2022ರಲ್ಲಿ ಆಯಿಲ್ ಬೆಲೆ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಆಗ ಬೇರೆ ದಾರಿ ಹುಡುಕಲೇಬೇಕಾಯಿತು.

ಲೆಕ್ಕ ಸುಲಭ. ಒಂದು ಗ್ಯಾಲನ್ ಆಯಿಲ್‌ನಲ್ಲಿ ಸುಮಾರು 1,38,500 ಬಿಟಿಯು (ಶಾಖ ಅಳೆಯುವ ಮಾನ) ಶಾಖ ಇರುತ್ತದೆ. ಒಂದು ಟನ್ ಪೆಲೆಟ್‌ನಲ್ಲಿ ಹೆಚ್ಚುಕಡಿಮೆ 1 ಕೋಟಿ 60 ಲಕ್ಷ. ಇಲ್ಲಿಯ ಟನ್ ಅಂದರೆ 2,000 ಪೌಂಡ್, 40 ಪೌಂಡಿನ 50 ಚೀಲ. ಅಂದರೆ ಒಂದು ಟನ್ ಪೆಲೆಟ್ ಸುಮಾರು 115 ಗ್ಯಾಲನ್ ಆಯಿಲ್‌ಗೆ ಸಮ. ಆಯಿಲ್ ಬೆಲೆಯನ್ನು 115ರಿಂದ ಗುಣಿಸಿ. ಬಂದ ಮೊತ್ತಕ್ಕಿಂತ ಟನ್ ಪೆಲೆಟ್ ಎಷ್ಟು ಕಡಿಮೆಗೆ ಸಿಗುತ್ತದೋ ಅಷ್ಟು ಉಳಿತಾಯ. ಆಯಿಲ್ 4 ಡಾಲರ್ ಇದ್ದರೆ ಗುಣಿಸಿದ ಮೊತ್ತ 460. ಪೆಲೆಟ್ 350ಕ್ಕೆ ಸಿಕ್ಕರೆ ಲಾಭ ಉಂಟು. ಆಯಿಲ್ 3 ಡಾಲರಿಗೆ ಇಳಿದರೆ ಅದು 345 ಆಗುತ್ತದೆ. ಆಗ ದುಡ್ಡಿನ ದೃಷ್ಟಿಯಿಂದ ಏನೂ ಗಿಟ್ಟುವುದಿಲ್ಲ. ಹಾಗಾಗಿ ಬರೀ ಒಂದು ವರ್ಷದ ಬಿಲ್ ನೋಡಿ ನಿರ್ಧಾರ ಮಾಡಬೇಡಿ.

ಪೆಲೆಟ್ ಅಂದರೆ ಮರದ ಹೊಟ್ಟು. ಒಣಗಿಸಿ, ಸಣ್ಣ ತೂತುಗಳ ಮೂಲಕ ಭಾರಿ ಒತ್ತಡದಲ್ಲಿ ಒತ್ತಿ ತೆಗೆದ 6 ಮಿಲಿಮೀಟರ್ ದಪ್ಪದ ತುಂಡುಗಳು. ಬೇರೆ ಅಂಟು ಬೇಕಾಗಿಲ್ಲ. ಬಿಸಿಗೆ ಮರದೊಳಗಿನ ಲಿಗ್ನಿನ್ ಮೆತ್ತಗಾಗಿ ಅದೇ ಹಿಡಿದುಕೊಳ್ಳುತ್ತದೆ. ಊರಲ್ಲಿ ಡಬ್ಬಿಗೆ ಹೊಟ್ಟು ಗಟ್ಟಿಯಾಗಿ ತುಂಬಿ, ನಡುವೆ ತೂತು ಬಿಟ್ಟು ಹಚ್ಚುತ್ತಿದ್ದ ಹೊಟ್ಟಿನ ಒಲೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಗಾಳಿ ತಾನಾಗಿ ತೂತಿನಲ್ಲಿ ಮೇಲೇರುತ್ತದೆ. ಇಲ್ಲಿ ಗಾಳಿಯನ್ನು ಫ್ಯಾನ್ ಎಳೆಯುತ್ತದೆ, ಸೌದೆಯನ್ನು ಮೋಟಾರ್ ಹಾಕುತ್ತದೆ.

ಸ್ಟೋವ್ ಮೇಲ್ಭಾಗದಲ್ಲಿ ಪೆಲೆಟ್ ತುಂಬುವ ಪೆಟ್ಟಿಗೆ, ಅದಕ್ಕೆ ಹಾಪರ್ ಅಂತಾರೆ. ಅದರ ಕೆಳಗೆ ಆಗರ್ ಅನ್ನುವ ಸುರುಳಿ ಸ್ಕ್ರೂ. ಅದು ನಿಧಾನವಾಗಿ ತಿರುಗುತ್ತಾ ಸ್ವಲ್ಪ ಸ್ವಲ್ಪವೇ ಪೆಲೆಟ್ಟನ್ನು ಬರ್ನ್ ಪಾಟ್‌ಗೆ, ಅಂದರೆ ಬೆಂಕಿಯ ಬಟ್ಟಲಿಗೆ ಬೀಳಿಸುತ್ತದೆ. ಒಂದು ಫ್ಯಾನ್ ಹೊಗೆಯನ್ನು ಆಚೆ ನೂಕುತ್ತದೆ. ಇನ್ನೊಂದು ಫ್ಯಾನ್ ಕೋಣೆಯ ಗಾಳಿಯನ್ನು ಬಿಸಿ ಕೊಳವೆಗಳ ಮೇಲೆ ಹಾಯಿಸಿ ವಾಪಸ್ ಕೊಡುತ್ತದೆ. ಈ ಎರಡು ಗಾಳಿ ಎಲ್ಲೂ ಸೇರುವುದಿಲ್ಲ. ಎಲ್ಲವೂ ನಿಂತಿರುವುದು ಇದರ ಮೇಲೆ.

ಜಾಗದ ವಿಷಯಕ್ಕೆ ಬರೋಣ. ನಮಗೆ ಎರಡು ಆಯ್ಕೆ ಇತ್ತು: ಬೇಸ್‌ಮೆಂಟ್ ಅಥವಾ ನಡುಮನೆ. ಬೇಸ್‌ಮೆಂಟಿನಲ್ಲಿಟ್ಟರೆ ಬಿಸಿ ಮೇಲೆ ಬರುತ್ತದೆ ಅಂತ ಬಹಳ ಜನ ಹೇಳಿದರು. ಆದರೆ ನಮ್ಮದು ಇನ್ಸುಲೇಷನ್ ಇಲ್ಲದ ಕಾಂಕ್ರೀಟ್ ಗೋಡೆ. ಅರ್ಧ ಬಿಸಿಯನ್ನು ಗೋಡೆ, ಅದರಾಚೆಯ ಮಣ್ಣು ಎರಡೂ ಸೇರಿ ಹೀರುತ್ತಿದ್ದವು. ನಾವು ಕೂರುವ, ಊಟ ಮಾಡುವ, ಮಕ್ಕಳು ಓದುವ ಜಾಗ ನಡುಮನೆ. ಸ್ಟೋವ್ ಇರುವ ಕೋಣೆಯೇ ಬೆಚ್ಚಗಿರುವುದು, ಹಾಗಾಗಿ ಜನ ಇರುವ ಕೋಣೆಯಲ್ಲೇ ಇಟ್ಟೆವು.

ಆಮೇಲೆ ಗೋಡೆ. ಹೊಗೆ ಕೊಳವೆ ಹೊರಬರುವ ಜಾಗ ತೆರೆಯುವ ಕಿಟಕಿ, ಬಾಗಿಲಿನ ಪಕ್ಕದಿಂದ ಅಥವಾ ಕೆಳಗಿನಿಂದ 4 ಅಡಿ ದೂರ ಇರಬೇಕು ಅಂತ ನಮ್ಮ ಸ್ಟೋವ್ ಕೈಪಿಡಿಯಲ್ಲಿತ್ತು. ನೆಲದಿಂದಲೂ ಎತ್ತರ ಬೇಕು. ಇಲ್ಲಿ ನೆಲ ಅಂದರೆ ಬೇಸಿಗೆಯ ಹುಲ್ಲಲ್ಲ, ಫೆಬ್ರವರಿಯ ಹಿಮ. ಚಾವಣಿಯಿಂದ ಜಾರಿ ಬಿದ್ದ ಹಿಮ ಗೋಡೆ ಪಕ್ಕ 3 ಅಡಿ ನಿಲ್ಲುವುದನ್ನು ನಾವೇ ನೋಡಿದ್ದೇವೆ. ಅದಕ್ಕೇ ಸ್ಟೋವ್ ಹಿಂದಿನಿಂದ ನೇರ ಗೋಡೆ ಕೊರೆದು ಕೊಳವೆ ಹಾಕುವ ಸುಲಭದ ದಾರಿ ಬಿಟ್ಟೆವು. ಒಳಗೇ 5 ಅಡಿ ಮೇಲಕ್ಕೆ ಏರಿಸಿ, ಅಲ್ಲಿಂದ ಆಚೆ ತಿರುಗಿಸಿದೆವು. ಹೀಗೆ ಮಾಡಿದ್ದರಿಂದ ಇನ್ನೊಂದು ಲಾಭವೂ ಇದೆ. ಕರೆಂಟ್ ಹೋಗಿ ಫ್ಯಾನ್ ನಿಂತರೂ ಬಿಸಿ ಹೊಗೆ ತಾನಾಗಿ ಮೇಲೇರಿ ಹೊರಹೋಗುತ್ತದೆ. ಮನೆಯೊಳಗೆ ತುಂಬಿಕೊಳ್ಳುವುದು ಕಡಿಮೆ.

ಕೊಳವೆ ದಪ್ಪ ಎಷ್ಟಿರಬೇಕು? ಇದಕ್ಕೊಂದು ಲೆಕ್ಕವಿದೆ, ಬೆರಳಲ್ಲೇ ಎಣಿಸಬಹುದು. ಹೊಗೆಗೆ ದಾರಿಯಲ್ಲಿ ಆಗುವ ಅಡ್ಡಿಯನ್ನು ಅಡಿಗಳಲ್ಲಿ ಕೂಡಿಸುತ್ತಾರೆ. ಪ್ರತಿ 90 ಡಿಗ್ರಿ ತಿರುವಿಗೆ, ಬುಡದ ಟೀ (ಇಂಗ್ಲಿಷಿನ T ಆಕಾರದ) ತುಂಡಿಗೂ ಸೇರಿ, 5 ಅಡಿ. ಅಡ್ಡ ಕೊಳವೆ ಒಂದು ಅಡಿಗೆ ಒಂದು ಅಡಿ. ನೇರ ಮೇಲೆ ಹೋಗುವುದಕ್ಕೆ ಅಡಿಗೆ ಅರ್ಧ ಅಡಿ. ನಮ್ಮದು ಬುಡದಲ್ಲಿ ಟೀ 5, ಐದು ಅಡಿ ಏರಿಕೆಗೆ ಎರಡೂವರೆ, ಮೇಲಿನ ತಿರುವು 5, ಗೋಡೆ ದಾಟುವ ಅಡ್ಡ ಕೊಳವೆ 2. ಒಟ್ಟು ಹದಿನಾಲ್ಕೂವರೆ. 15 ದಾಟಿದರೆ 3 ಇಂಚಿನ ಬದಲು 4 ಇಂಚಿನ ಕೊಳವೆ ಹಾಕಬೇಕು. ಅಂಚಿನಲ್ಲಿ ನಿಲ್ಲುವುದು ಬೇಡ ಅಂತ 4 ಇಂಚಿನದ್ದನ್ನೇ ತಂದೆವು. ಖರ್ಚು ಸ್ವಲ್ಪ ಜಾಸ್ತಿ. ಆದರೆ ಬೂದಿ ಕಟ್ಟಿಕೊಳ್ಳುವುದು ನಿಧಾನ, ಬೆಂಕಿಗೂ ಉಸಿರು ಸಲೀಸು.

ಈ ಕೊಳವೆ ಪೆಲೆಟ್ಟಿಗೇ ಮಾಡಿದ ಎರಡು ಪದರದ್ದಾಗಿರಬೇಕು. ಬಟ್ಟೆ ಒಣಗಿಸುವ ಡ್ರೈಯರ್ ಪೈಪನ್ನು ಇದಕ್ಕೆ ಸಿಕ್ಕಿಸುವ ಯೋಚನೆ ಕೂಡ ಬೇಡ. ಸೌದೆ ಒಲೆಯ ಚಿಮಣಿಯಲ್ಲಿ ಹೊಗೆ ಎಳೆದುಕೊಂಡು ಹೋಗುತ್ತದೆ. ಇಲ್ಲಿ ಫ್ಯಾನ್ ನೂಕುತ್ತದೆ. ಹಾಗಾಗಿ ಜೋಡಣೆಯಲ್ಲಿ ಸಣ್ಣ ಸಂದಿ ಇದ್ದರೂ ಹೊಗೆ ಕೋಣೆಗೇ ಬರುತ್ತದೆ. ನಾವು ಪ್ರತಿ ಜೋಡಣೆಗೂ ಬಿಸಿ ತಡೆಯುವ ಸಿಲಿಕೋನ್ ಹಚ್ಚಿದೆವು. ಗೋಡೆ ದಾಟುವ ಕಡೆ ಥಿಂಬಲ್ ಅನ್ನುವ ಲೋಹದ ಚೌಕಟ್ಟು ಕೂರಿಸಿದೆವು. ಇಲ್ಲಿಯ ಗೋಡೆಗಳ ಒಳಗೆ 16 ಇಂಚಿಗೊಂದು ಮರದ ಕಂಬ ಇರುತ್ತದೆ. ಆ ಎರಡು ಕಂಬಗಳ ನಡುವೆಯೇ ತೂತು ಬರಬೇಕು. ನಮ್ಮನೆಯವರು ಒಳಗಿನಿಂದ ಗುರುತು ಹಾಕಿ ಮೊದಲು ಸಣ್ಣ ಡ್ರಿಲ್ ಹೊಡೆದರು. ನಾನು ಹೊರಗೆ ನಿಂತು ಅದು ಎಲ್ಲಿ ಬಂತು, ಅಲ್ಲಿಂದ ಕಿಟಕಿಗೆ ಎಷ್ಟು ದೂರ ಅಂತ ಅಳೆದೆ. ಸರಿ ಅನ್ನಿಸಿದ ಮೇಲೇ ದೊಡ್ಡ ತೂತು ಕೊರೆದದ್ದು.

ಗಾಳಿಯ ವಿಷಯವನ್ನು ನಮ್ಮ ಜನ ವಿಶೇಷವಾಗಿ ಗಮನಿಸಬೇಕು. ಸ್ಟೋವ್ ಉರಿಯಲು ಬೇಕಾದ ಗಾಳಿಯನ್ನು ಕೋಣೆಯಿಂದಲೇ ತಗೊಂಡರೆ, ಅಷ್ಟೇ ತಣ್ಣನೆ ಗಾಳಿ ಬಾಗಿಲು, ಕಿಟಕಿ ಸಂದಿಗಳಿಂದ ಒಳಗೆ ಬರುತ್ತದೆ. ಕಾಯಿಸಿದ ಗಾಳಿಯನ್ನೇ ಸುಟ್ಟು ಹೊರಗೆ ಹಾಕಿದ ಹಾಗಾಯಿತು, ಅಲ್ವಾ? ಅದರ ಜೊತೆಗೆ ನಮ್ಮ ಅಡುಗೆಮನೆಯ ಎಕ್ಸಾಸ್ಟ್. ಒಣಮೆಣಸಿನಕಾಯಿ ಒಗ್ಗರಣೆಗೆ ಅದನ್ನು ಫುಲ್ ಸ್ಪೀಡಿಗೆ ಹಾಕದೆ ವಿಧಿಯಿಲ್ಲ. ಅದು ಮನೆಯ ಗಾಳಿಯನ್ನೆಲ್ಲ ಆಚೆ ಎಳೆದಾಗ ಸ್ಟೋವ್‌ಗೆ ಗಾಳಿ ಸಾಲದೆ ಜ್ವಾಲೆ ಮಂಕಾಗುತ್ತದೆ, ಗಾಜು ಕಪ್ಪಾಗುತ್ತದೆ. ಇದಕ್ಕೆ ಪರಿಹಾರ, ಹೊರಗಿನಿಂದ ನೇರವಾಗಿ ಸ್ಟೋವ್‌ಗೇ ಗಾಳಿ ತರುವ ಇನ್ನೊಂದು ಲೋಹದ ಕೊಳವೆ. ಬಹಳಷ್ಟು ಸ್ಟೋವ್‌ಗಳಲ್ಲಿ ಇದು ಬೇಕಿದ್ದರೆ ಮಾತ್ರ ಕೊಳ್ಳುವ ಬಿಡಿಭಾಗ. ನಾನಂತೂ ಕಡ್ಡಾಯ ಅಂತಲೇ ಹೇಳ್ತೀನಿ. ನಮ್ಮನೆಯಲ್ಲಿ ಒಗ್ಗರಣೆ ಹೊತ್ತಿನಲ್ಲೂ ಜ್ವಾಲೆ ಹಳದಿಯಾಗಿ, ಚುರುಕಾಗಿ ಕುಣಿಯುತ್ತದೆ. ಉದ್ದಕ್ಕೆ, ಸೋಮಾರಿಯಾಗಿ, ಕಿತ್ತಳೆ ಬಣ್ಣದಲ್ಲಿ ಉರಿದರೆ ಗಾಳಿ ಸಾಲುತ್ತಿಲ್ಲ ಅಂತ ತಿಳಿಯಿರಿ.

ಇಷ್ಟಾದ ಮೇಲೆ ಸ್ಟೋವ್ ಆಯ್ಕೆ. ಡಬ್ಬದ ಮೇಲೆ ಬರೆದ ಬಿಟಿಯು ಎಷ್ಟೋ ಸಲ ಒಳಗೆ ಹಾಕುವ ಸೌದೆಯ ಲೆಕ್ಕ, ಕೋಣೆಗೆ ಸಿಗುವುದಲ್ಲ. 40,000 ಅಂತ ಇದ್ದು ದಕ್ಷತೆ ಶೇಕಡಾ 80 ಆದರೆ ನಿಮಗೆ ಸಿಗುವುದು 32,000. ಎಲ್ಲಕ್ಕಿಂತ ದೊಡ್ಡದು ಕೊಡಿ ಅಂತ ಹೋಗಬೇಡಿ. ಅಕ್ಟೋಬರ್, ಏಪ್ರಿಲ್ ತಿಂಗಳ ಸಣ್ಣ ಚಳಿಗೆ ದೊಡ್ಡ ಸ್ಟೋವ್ ತೀರಾ ಸಣ್ಣ ಉರಿಯಲ್ಲಿ ಓಡಿ ಮಸಿ ಕಟ್ಟುತ್ತದೆ. ಇಲ್ಲವೇ ಪದೇ ಪದೇ ಆರಿ ಹೊತ್ತಿಕೊಂಡು ಬೆಂಕಿ ಹೊತ್ತಿಸುವ ಇಗ್ನೈಟರ್ ಬೇಗ ಹಾಳಾಗುತ್ತದೆ. ಹೊಸ ಸ್ಟೋವ್‌ಗಳಿಗೆ 2020ರಿಂದ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ನಿಯಮದ ಪ್ರಕಾರ ಗಂಟೆಗೆ 2 ಗ್ರಾಮ್‌ಗಿಂತ ಜಾಸ್ತಿ ಹೊಗೆಕಣ ಬಿಡುವ ಹಾಗಿಲ್ಲ. ಇಪಿಎ ಪಟ್ಟಿಯಲ್ಲಿ ಪ್ರತಿ ಮಾಡೆಲ್ಲಿನ ದಕ್ಷತೆಯೂ ಇರುತ್ತದೆ, ನೋಡಿಯೇ ತಗೊಳ್ಳಿ. ನಾವು 2023ರಲ್ಲಿ ಕೂರಿಸಿದ್ದು. ಆಗ ಶೇಕಡಾ 75ಕ್ಕೆ ಕಡಿಮೆಯಿಲ್ಲದ ದಕ್ಷತೆಯ ಸ್ಟೋವ್‌ಗೆ ಖರ್ಚಿನ ಶೇಕಡಾ 30, ಗರಿಷ್ಠ 2,000 ಡಾಲರ್ ಕೇಂದ್ರ ತೆರಿಗೆ ರಿಯಾಯಿತಿ ಇತ್ತು. ಆ ಸೌಲಭ್ಯ 2025ರ ಕೊನೆಗೆ ಮುಗಿಯಿತು. ಬಿಡಿಭಾಗ ಹತ್ತಿರದಲ್ಲಿ ಸಿಗುವ, ರಿಪೇರಿಗೆ ಜನ ಬರುವ ಕಂಪನಿಯದ್ದನ್ನೇ ಆರಿಸಿದೆವು. ಜನವರಿಯಲ್ಲಿ ಫ್ಯಾನ್ ಕೆಟ್ಟರೆ ಎರಡು ವಾರ ಕಾಯಲು ಆಗುತ್ತದೆಯೇ?

ಪರ್ಮಿಟ್ ತಗೊಳ್ಳಿ. ನಮ್ಮ ಊರಲ್ಲಿ ಮನೆಯವರೇ ಕೂರಿಸಬಹುದು, ಆದರೆ ಪರ್ಮಿಟ್ ಬೇಕು, ಆಮೇಲೆ ಇನ್‌ಸ್ಪೆಕ್ಟರ್ ಬಂದು ನೋಡಬೇಕು. ಅವರು ಕೈಪಿಡಿ ಕೇಳಿ ತಗೊಂಡು, ಅದರಲ್ಲಿರುವ ಅಂತರಗಳನ್ನು ಒಂದೊಂದಾಗಿ ಅಳೆದರು. ಕೆಳಗಿನ ಟೈಲ್ಸ್ ಹಾಸು ಮುಂದೆ ಎಷ್ಟು ಚಾಚಿದೆ ಅಂತ ನೋಡಿದರು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒತ್ತಿ ಸದ್ದು ಕೇಳಿದರು. ಮನೆ ಇನ್ಶೂರೆನ್ಸ್‌ನವರಿಗೂ ತಿಳಿಸಿದೆವು. ಅವರಿಗೆ ಬೇಕಾಗಿದ್ದುದು ಆ ಇನ್‌ಸ್ಪೆಕ್ಷನ್ ಕಾಗದವೇ.

ಅಮ್ಮ ತೀರ್ಥಹಳ್ಳಿಯಿಂದ ಬಂದಾಗ ಸ್ಟೋವ್ ಮುಂದೆ ಕೂತು ಕೇಳಿದ ಮೊದಲ ಪ್ರಶ್ನೆ, "ಕರೆಂಟ್ ಹೋದ್ರೆ ಏನ್ ಮಾಡ್ತೀಯೇ?" ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದೆ ಕಳೆದವರು ಕೇಳಲೇಬೇಕಾದ ಪ್ರಶ್ನೆ.

"ಕರೆಂಟಿಲ್ಲದೆ ಇದು ಓಡಲ್ಲ ಅಮ್ಮ. ಅದಕ್ಕೇ ಆ ಮೂಲೇಲಿ ಬ್ಯಾಟರಿ ಇಟ್ಟಿದೀವಿ."

ಇದನ್ನು ಹಗುರವಾಗಿ ತಗೊಳ್ಳಬೇಡಿ. 2008ರ ಡಿಸೆಂಬರಿನ ಐಸ್ ಸ್ಟಾರ್ಮ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಎಷ್ಟೋ ಮನೆಗಳಿಗೆ ದಿನಗಟ್ಟಲೆ, ಕೆಲವಕ್ಕೆ ಎರಡು ವಾರದವರೆಗೂ ಕರೆಂಟ್ ಇರಲಿಲ್ಲ. ಪೆಲೆಟ್ ಸ್ಟೋವ್ ಹೊತ್ತಿಕೊಳ್ಳುವಾಗ 300-400 ವ್ಯಾಟ್ ಎಳೆಯುತ್ತದೆ, ಆಮೇಲೆ 100ರ ಆಸುಪಾಸು. ಬ್ಯಾಟರಿಯ ಜೊತೆ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥದ್ದೇ ನಯವಾದ ಅಲೆ ಕೊಡುವ) ಇನ್ವರ್ಟರೇ ಬೇಕು. ಅಗ್ಗದ ಇನ್ವರ್ಟರ್‌ಗಳಲ್ಲಿ ಮೋಟಾರ್ ಗುಂಯ್ ಅಂತ ಸದ್ದು ಮಾಡಿ ಬಿಸಿಯಾಗುತ್ತದೆ, ಕಂಟ್ರೋಲ್ ಬೋರ್ಡಿಗೂ ಒಳ್ಳೆಯದಲ್ಲ. ದಿನಗಟ್ಟಲೆ ಕರೆಂಟ್ ಹೋದರೆ ಬ್ಯಾಟರಿ ಸಾಲುವುದಿಲ್ಲ. ಅದಕ್ಕೆ ಸಣ್ಣ ಜನರೇಟರ್ ಇದೆ, ಅದನ್ನು ಓಡಿಸುವುದು ಮನೆಯಿಂದ ದೂರ, ಬಯಲಿನಲ್ಲಿ.

ಬಿಸಿಯನ್ನು ಮಲಗುವ ಕೋಣೆಗಳಿಗೆ ಕಳಿಸುವುದಕ್ಕೆ ಒಂದು ಉಪಾಯವಿದೆ. ಬಿಸಿ ಗಾಳಿಯನ್ನು ಆ ಕಡೆ ಊದಬೇಡಿ. ಸಣ್ಣ ಟೇಬಲ್ ಫ್ಯಾನ್ ಒಂದನ್ನು ಹಜಾರದ ನೆಲದ ಮೇಲಿಟ್ಟು, ತಣ್ಣನೆ ಗಾಳಿಯನ್ನು ಸ್ಟೋವ್ ಕಡೆ ಊದಿಸಿ. ಭಾರದ ತಣ್ಣನೆ ಗಾಳಿ ನೆಲದಲ್ಲಿ ಈ ಕಡೆ ಬರುತ್ತದೆ. ಅದರ ಜಾಗ ತುಂಬಲು ಬಿಸಿ ಗಾಳಿ ಮೇಲ್ಗಡೆಯಿಂದ ಆ ಕಡೆ ಹೋಗುತ್ತದೆ. ಬಾಗಿಲ ಚೌಕಟ್ಟಿನ ಮೇಲ್ಭಾಗಕ್ಕೆ ಟಿಶ್ಯೂ ಕಾಗದದ ಒಂದು ಎಳೆ ಅಂಟಿಸಿದರೆ ಅದು ಆ ಕಡೆ ವಾಲುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. ಸ್ಟೋವ್‌ನಿಂದ ನಡುಮನೆ ಬೆಚ್ಚಗಾದರೆ ಅಲ್ಲಿರುವ ಥರ್ಮೋಸ್ಟಾಟ್ ಬಾಯ್ಲರನ್ನು ಹಚ್ಚುವುದೇ ಇಲ್ಲ. ಆಗ ದೂರದ ಹೊರಗೋಡೆಯ ಪೈಪುಗಳಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆಯಬಹುದು. ತೀರಾ ಚಳಿಯ ರಾತ್ರಿಗಳಲ್ಲಿ ಬಾಯ್ಲರನ್ನು ಆಗಾಗ ಓಡಿಸಿ ಪೈಪಿನಲ್ಲಿ ಬಿಸಿನೀರು ಹರಿಸುತ್ತೇವೆ. ಆಯಿಲ್ ವ್ಯವಸ್ಥೆಯನ್ನು ಕಿತ್ತು ಹಾಕುವ ಯೋಚನೆ ನಮಗಿಲ್ಲ.

ಪೆಲೆಟ್ ಕೊಳ್ಳುವಾಗ ಚೀಲದ ಮೇಲಿನ ಬೂದಿಯ ಪ್ರಮಾಣ ನೋಡಿ. ಪ್ರೀಮಿಯಂ ದರ್ಜೆಯಲ್ಲಿ ಅದು ಶೇಕಡಾ 1 ದಾಟುವಂತಿಲ್ಲ. ಸಾಫ್ಟ್‌ವುಡ್ ಪೆಲೆಟ್ ಅಂದರೆ ಕಡಿಮೆ ಬಿಸಿ ಅನ್ನುವ ಮಾತು ಸರಿಯಲ್ಲ. ರಾಳ ಇರುವುದರಿಂದ ತೂಕಕ್ಕೆ ತೂಕ ಹೋಲಿಸಿದರೆ ಅದರಲ್ಲೇ ಶಾಖ ಸ್ವಲ್ಪ ಜಾಸ್ತಿ, ಬೂದಿಯೂ ಕಡಿಮೆ. ಒಂದು ಲೋಟ ನೀರಿಗೆ ನಾಲ್ಕು ಪೆಲೆಟ್ ಹಾಕಿ ನೋಡಿ. ಚೆನ್ನಾಗಿ ಒತ್ತಿದ ಪೆಲೆಟ್ ತಳಕ್ಕೆ ಮುಳುಗುತ್ತದೆ, ಆಮೇಲೆ ಊದಿ ಪುನಃ ಹೊಟ್ಟಾಗುತ್ತದೆ. ಒದ್ದೆ ನೆಲದಲ್ಲಿಟ್ಟ ಚೀಲದ ಗತಿಯೂ ಇದೇ. ಗ್ಯಾರೇಜಿನಲ್ಲಿ ನೆಲದಿಂದ ಎತ್ತರಿಸುವ ಮರದ ಹಲಗೆ ಚೌಕಟ್ಟಿನ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿಡಿ.

ಕೆಲಸ ಇದ್ದೇ ಇದೆ. ಬೆಳಗ್ಗೆ ಬೆಂಕಿ ಆರಿಸಿ, ತಣ್ಣಗಾದ ಮೇಲೆ ಬಟ್ಟಲಿನ ಗಟ್ಟಿ ಕಿಟ್ಟ ಕೆರೆಯಬೇಕು. ವಾರಕ್ಕೊಮ್ಮೆ ಕೊಳವೆಗಳ ಸಂದಿಯ ಬೂದಿ ತೆಗೆಯಬೇಕು. ಮಾಮೂಲಿ ವ್ಯಾಕ್ಯೂಮ್ ಬಳಸಬೇಡಿ, ಬೂದಿಯೊಳಗೆ ಕಾಣದ ಕೆಂಡ ಇರುತ್ತದೆ. ಬೂದಿಗೆ ಅಂತಲೇ ಮಾಡಿದ ವ್ಯಾಕ್ಯೂಮ್, ಮುಚ್ಚಳ ಇರುವ ಲೋಹದ ಬಕೆಟ್, ಬಕೆಟ್ ಮನೆಯ ಹೊರಗೆ. ಏಪ್ರಿಲ್ ಕೊನೆಗೆ ಹಾಪರ್ ಪೂರ್ತಿ ಖಾಲಿ ಮಾಡಿ, ಬುಡದ ಟೀ ಮುಚ್ಚಳ ಬಿಚ್ಚಿ, ಕೊಳವೆ ಉದ್ದಕ್ಕೂ ಬ್ರಷ್ ಆಡಿಸಿ. ಹೊರಗಿನ ಬಾಯಿಗೆ ಹಕ್ಕಿ ಗೂಡು ಕಟ್ಟದಂತೆ ಬಲೆ ಕಟ್ಟಿ, ಮತ್ತೆ ಹಚ್ಚುವ ಮುಂಚೆ ಅದನ್ನು ತೆಗೆಯಬೇಕು ಅಂತ ಒಂದು ಚೀಟಿ ಬರೆದು ಹಾಪರ್ ಮುಚ್ಚಳಕ್ಕೆ ಅಂಟಿಸಿ. ಮುಂದಿನ ವರ್ಷದ ಪೆಲೆಟ್ಟನ್ನೂ ಆಗಲೇ ಬುಕ್ ಮಾಡಿ. ಚಳಿ ಶುರುವಾದ ಮೇಲೆ ಹೋದರೆ ಬೆಲೆಯೂ ಜಾಸ್ತಿ, ಬೇಕಾದ ಬ್ರ್ಯಾಂಡ್ ಸಿಗುವುದೂ ಕಷ್ಟ.