ಐದಿಂಚಿನ ಜಾಲರಿ ಬೀರು: ಮೊದಲು ಕಚ್ಚು, ಆಮೇಲೆ ಸೀಳು

ಅಳತೆ ಮೊದಲೇ ಹೇಳಿಬಿಡುತ್ತೇನೆ. ಐದು ಇಂಚು ಎತ್ತರ, ಮೂರು ಇಂಚು ಅಗಲ, ಒಂದೂವರೆ ಇಂಚು ಆಳ. ಹಳೇ ಅಡುಗೆಮನೆಗಳಲ್ಲಿ ಹಾಲು, ಮೊಸರು, ಬೆಣ್ಣೆ ಇಡುತ್ತಿದ್ದ ಜಾಲರಿ ಬೀರು ಇದೆಯಲ್ಲ, ಅದನ್ನೇ ಗೊಂಬೆಮನೆಯ ಅಳತೆಗೆ, 1:12ರಲ್ಲಿ, ಅಂದರೆ ಅಡಿಗೆ ಒಂದು ಇಂಚಿನಂತೆ ಮಾಡಿದ್ದೇನೆ. ಪೂರ್ತಿ ಮರ. ಚೌಕಟ್ಟಿನ ಪ್ರತಿ ಮೂಲೆಗೂ ಕಚ್ಚು, ಅಂದರೆ ಎರಡೂ ಪಟ್ಟಿಯ ತುದಿಯನ್ನು ಅರ್ಧ ದಪ್ಪಕ್ಕೆ ಕೊರೆದು ಒಂದರ ಮೇಲೊಂದು ಕೂರಿಸುವ ಜೋಡಣೆ. ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ಮಳೆಗಾಲದಲ್ಲೂ ಬಿಗಿ ಹಿಡಿಯುವುದಿಲ್ಲ. ಇಲ್ಲಿಯವರೆಗೆ ಹದಿನೈದು ಇಪ್ಪತ್ತು ಬೀರು ಮಾಡಿ ಕೊಟ್ಟಿರಬೇಕು. ಒಂದರ ಮೂಲೆಯೂ ಬಿಟ್ಟುಕೊಂಡಿಲ್ಲ.

ಇಷ್ಟು ಸಣ್ಣ ಮರಕ್ಕೆ ಕಚ್ಚು ಆಗುವುದಿಲ್ಲ ಅಂದವರೇ ಜಾಸ್ತಿ. ನಮ್ಮ ಬೀದಿಯ ಬಡಗಿ ಅಣ್ಣ ಜೀವನವಿಡೀ ಬಾಗಿಲು, ಕಿಟಕಿ ಮಾಡಿದವರು. ನಾಲ್ಕು ಮಿಲಿಮೀಟರ್ ಅಗಲದ ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. "ಇದಕ್ಕೆ ಉಳಿ ಇಟ್ಟರೆ ಸೀಳಿ ಹೋಗುತ್ತಮ್ಮ. ಸುಮ್ನೆ ಅಂಟು ಹಚ್ಚಿ ಒತ್ತಿಬಿಡಿ" ಅಂದರು. ಗೊಂಬೆಮನೆ ಮಾಡುವ ಗೆಳತಿಯರದು ಇನ್ನೊಂದು ಮಾತು. "ಲೇಸರ್ ಕಟಿಂಗ್ ಇರುವಾಗ ನಿನಗ್ಯಾಕೆ ಈ ಒದ್ದಾಟ?" ಆಗ ನಾನು ಎಲ್ಲರಿಗೂ ಕ್ವೀನ್ ಮೇರಿಯ ಗೊಂಬೆಮನೆಯ ಮಾತು ಹೇಳುತ್ತಿದ್ದೆ. ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿದೆ, 1924ರಲ್ಲಿ ಮುಗಿದದ್ದು. ಅಳತೆ ನಮ್ಮದೇ, ಅಡಿಗೆ ಒಂದು ಇಂಚು. ಅದರಲ್ಲಿ ನಲ್ಲಿಯಲ್ಲಿ ನೀರು ಬರುವಂತೆ, ಕರೆಂಟ್ ದೀಪ ಉರಿಯುವಂತೆ, ಲಿಫ್ಟ್ ಓಡಾಡುವಂತೆ ಮಾಡಿದ್ದರು. ನೂರು ವರ್ಷದ ಹಿಂದೆ ಅಷ್ಟೆಲ್ಲ ಆಗಿದೆ ಅಂದಮೇಲೆ ನನ್ನ ಬೀರಿಗೆ ಒಂದು ಕಚ್ಚು ಆಗಬಾರದೇ?

ಆದರೂ ಲೇಸರ್‌ನಲ್ಲಿ ಮೊದಲು ಮಾಡಿಸಿ ನೋಡಿದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಾಳೆ, ಡ್ರಾಯಿಂಗ್, ಕತ್ತರಿಸಿದ ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು ಹೋಯಿತು. ಅಂಚೆಲ್ಲ ಸುಟ್ಟು ಕಪ್ಪಾಗಿ ಬಂತು. ಉಜ್ಜಿದರೆ ಹತ್ತಿಯಂಥ ನಾರು ಏಳುತ್ತಿತ್ತು, ಉಜ್ಜದಿದ್ದರೆ ಬಣ್ಣ ಕೂರುತ್ತಿರಲಿಲ್ಲ. ಜುಲೈ ಮಳೆ ಶುರುವಾದ ಮೇಲೆ ಅಂಚು ಉಬ್ಬಿ ಬಾಗಿಲು ಒಂದಕ್ಕೊಂದು ತಾಗಿದವು. ಐಸ್‌ಕ್ರೀಮ್ ಕಡ್ಡಿಯಲ್ಲೂ ಮಾಡಿದೆ. ಬಣ್ಣದ ನೀರು ಕುಡಿದ ಕೂಡಲೇ ಬಿಲ್ಲಾಗಿ ಬಾಗಿದವು. ಬಾಲ್ಸಾ ಮರ ತೀರಾ ಮೆತ್ತಗೆ, ಉಗುರು ತಾಗಿದರೂ ಗುರುತು ಉಳಿಯುತ್ತದೆ. ಇವೆಲ್ಲದರ ಮೇಲೆ ಮೂಲೆಗೆ ಬರೀ ಅಂಟು. ತುದಿಗೆ ತುದಿ ಅಂಟಿಸಿದ ಚೌಕಟ್ಟು ಶೋಕೇಸಿನಲ್ಲಿ ಇದ್ದಷ್ಟು ದಿನ ಚೆನ್ನಾಗಿರುತ್ತದೆ. ಮಗು ಒಮ್ಮೆ ಬಾಗಿಲು ಎಳೆದರೆ ಮುಗಿಯಿತು.

ಮರದ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ತೇಗ ಬೇಡ. ನಿಜವಾದ ಬೀರು ತೇಗದ್ದೇ ಇರಬಹುದು, ಆದರೆ ಅದರ ನಾರು ದಪ್ಪ, ರಂಧ್ರ ದೊಡ್ಡದು. ಐದಿಂಚಿನ ಬೀರಿನಲ್ಲಿ ಆ ಗೆರೆಗಳು ಕಣ್ಣಿಗೆ ಹೊಡೆಯುತ್ತವೆ. ಚನ್ನಪಟ್ಟಣದವರು ಗೊಂಬೆಗೆ ಬಳಸುವ ಆಲೆಮರವೇ ಸರಿ. ಬಿಳಿ, ನಯ, ನಾರು ಕಾಣುವುದೇ ಇಲ್ಲ. ಚನ್ನಪಟ್ಟಣದಲ್ಲಿ ಮಾರುವ ಅಡುಗೆ ಸೆಟ್ ನಿಮ್ಮೆಲ್ಲರ ಮನೆಯಲ್ಲೂ ಇದ್ದೇ ಇರುತ್ತದೆ. ಅದು ಮಕ್ಕಳ ಆಟಕ್ಕೆ, ಅಳತೆಗೆ ಮಾಡಿದ್ದಲ್ಲ. ಆದರೆ ಆ ಮರ ಮಾತ್ರ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗೊಂಬೆ ಕಡೆಯುವವರ ಹತ್ತಿರ ಉಳಿದ ತುಂಡುಗಳನ್ನು ಕೇಳಿ ತರುತ್ತೇನೆ. ಚೀಲಕ್ಕೆ ಇನ್ನೂರು ಕೊಟ್ಟ ನೆನಪು. ತಂದ ತಕ್ಷಣ ಕೊಯ್ಯಬೇಡಿ. ನಾನು ಒಂದು ಬೇಸಿಗೆ ಅಟ್ಟದ ಮೇಲೆ ಬಿಟ್ಟೇ ಮುಟ್ಟುವುದು.

ಈಗ ಕಚ್ಚಿನ ಲೆಕ್ಕ. ಎಲ್ಲರೂ ಮೊದಲು ಪಟ್ಟಿ ಸೀಳುತ್ತಾರೆ, ಆಮೇಲೆ ಒಂದೊಂದು ಪಟ್ಟಿಯ ತುದಿಗೂ ಕಚ್ಚು ಹಾಕಲು ಹೋಗುತ್ತಾರೆ. ಅಲ್ಲೇ ಮುರಿಯುವುದು. ನಾನು ಇದನ್ನು ತಿರುಗಿಸಿದೆ. ಎರಡು ಮಿಲಿಮೀಟರ್ ದಪ್ಪ, ನಲವತ್ತು ಮಿಲಿಮೀಟರ್ ಅಗಲದ ಹಲಗೆ ತೆಗೆದುಕೊಳ್ಳುತ್ತೇನೆ. ಉದ್ದ ಬಾಗಿಲಿನ ಎತ್ತರಕ್ಕೆ ಸರಿಯಾಗಿ. ಅದರ ಎರಡೂ ತುದಿಗೆ, ಹಲಗೆಯ ಪೂರ್ತಿ ಅಗಲಕ್ಕೆ ಒಂದೇ ಸಲ ಕಚ್ಚು ಹಾಕುತ್ತೇನೆ. ಒಳಕ್ಕೆ ನಾಲ್ಕು ಮಿಲಿಮೀಟರ್, ಆಳ ಒಂದು ಮಿಲಿಮೀಟರ್, ಅಂದರೆ ದಪ್ಪದಲ್ಲಿ ಅರ್ಧ. ಅಗಲ ಹಲಗೆ ಆದ್ದರಿಂದ ಹಿಡಿಯಲು ಸುಲಭ, ಉಳಿ ಇಟ್ಟರೂ ಸೀಳುವುದಿಲ್ಲ. ಕಚ್ಚು ಮುಗಿದ ಮೇಲೆ ಅದನ್ನು ನಾಲ್ಕು ಮಿಲಿಮೀಟರ್ ಪಟ್ಟಿಗಳಾಗಿ ಸೀಳುವುದು. ಒಂದು ಹಲಗೆಯಲ್ಲಿ ಎಂಟೊಂಬತ್ತು ಪಟ್ಟಿ ಬರುತ್ತವೆ. ಪ್ರತಿಯೊಂದರ ತುದಿಯಲ್ಲೂ ಕಚ್ಚು ಆಗಲೇ ಇರುತ್ತದೆ.

ಅಡ್ಡ ಪಟ್ಟಿಗೆ ಇನ್ನೊಂದು ಗಿಡ್ಡ ಹಲಗೆ, ಅದೇ ರೀತಿ. ಜೋಡಿಸುವಾಗ ಅಡ್ಡ ಪಟ್ಟಿಯನ್ನು ಬೋರಲು ಹಾಕಿದರೆ ಕಚ್ಚಿಗೆ ಕಚ್ಚು ಕೂರುತ್ತದೆ. ಇದರ ನಿಜವಾದ ಲಾಭ ಗಟ್ಟಿತನ ಒಂದೇ ಅಲ್ಲ. ಎಲ್ಲ ಪಟ್ಟಿಗಳೂ ಒಂದೇ ಹಲಗೆಯಿಂದ ಬಂದವು, ಕಚ್ಚು ಎಲ್ಲಕ್ಕೂ ಒಂದೇ ಗೆರೆಯಲ್ಲಿ ಬಿದ್ದಿದೆ. ಹಾಗಾಗಿ ಚೌಕಟ್ಟು ತಾನಾಗಿಯೇ ಮೂಲೆಮಟ್ಟಕ್ಕೆ ಬರುತ್ತದೆ. ಸೀಳಲು ಚಾಕು ಬೇಡ, ನಾರಿನ ಜೊತೆ ಓಡಿಬಿಡುತ್ತದೆ. ತೆಳು ಅಲಗಿನ ರೇಜರ್ ಗರಗಸ, ಪಕ್ಕಕ್ಕೊಂದು ಕಬ್ಬಿಣದ ಪಟ್ಟಿ. ಕಚ್ಚಿನ ಆಳ ತಪ್ಪದಂತೆ ಗರಗಸದ ಅಲಗಿಗೇ ಟೇಪ್ ಸುತ್ತಿಕೊಂಡಿದ್ದೇನೆ. ಅಂಟು ಮಾಮೂಲಿ ಬಿಳಿ ಫೆವಿಕಾಲ್, ಸೂಜಿ ತುದಿಯಷ್ಟು. ಸೂಪರ್ ಗ್ಲೂ ಒಣಗುವಾಗ ಸುತ್ತ ಬಿಳಿ ಹೊಗೆ ಕೂರುತ್ತದೆ, ಕಪ್ಪು ಬೀರಿನ ಮೇಲೆ ಅದು ಹೋಗುವುದೇ ಇಲ್ಲ.

ಮೊದಲ ಚೌಕಟ್ಟನ್ನು ಬಡಗಿ ಅಣ್ಣನಿಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ತಿರುಚಿದರು. ಮೂಲೆ ಬಿಡಲಿಲ್ಲ. "ಮೊದಲು ಕಚ್ಚು, ಆಮೇಲೆ ಸೀಳು ಅನ್ನಿ" ಅಂದರು. ಅದೇ ಈ ಬರಹಕ್ಕೆ ಹೆಸರಾಯಿತು. ಅವರಿಂದ ಆ ಮಾತು ಬಂದದ್ದು ನನಗೆ ದೊಡ್ಡ ಸಂತೋಷ.

ಜಾಲರಿಗೆ ಬಂದರೆ, ಇಲ್ಲಿ ತುಂಬ ಹಣ ಕಳೆದಿದ್ದೇನೆ. ಟೀ ಸೋಸುವ ಜರಡಿ ಬಿಚ್ಚಿ ಹಾಕುವವರು ಇದ್ದಾರೆ. ಅದರಲ್ಲಿ ಇಂಚಿಗೆ ಮೂವತ್ತು ಚಿಲ್ಲರೆ ಎಳೆ. ನಮ್ಮ ಅಳತೆಯಲ್ಲಿ ಅದು ಕೋಳಿಗೂಡಿನ ಬಲೆಯಾಗಿಬಿಡುತ್ತದೆ. ಲೆಕ್ಕ ಹಾಕಿ ನೋಡಿ. ನಿಜವಾದ ಬೀರಿನ ಜಾಲರಿ ಇಂಚಿಗೆ 14 ಎಳೆ ಅಂತಿಟ್ಟುಕೊಂಡರೆ, ನಮಗೆ ಬೇಕಾದದ್ದು 168. ಅಷ್ಟು ಸಣ್ಣ ಹಿತ್ತಾಳೆ ಜಾಲರಿ ತರಿಸಿದೆ, ಅಂಗೈಯಗಲಕ್ಕೆ ಸುಮಾರು ಆರುನೂರು ರೂಪಾಯಿ. ಕತ್ತರಿಸಿದ ಕಡೆಯೆಲ್ಲ ಎಳೆ ಬಿಚ್ಚಿಕೊಂಡು ಬೆರಳಿಗೆ ಚುಚ್ಚುತ್ತಿತ್ತು.

ಕೊನೆಗೆ ಕೆಲಸಕ್ಕೆ ಬಂದದ್ದು ಮದುವೆ ಕಾರ್ಡ್ ಅಚ್ಚು ಹಾಕುವವರ ಬಟ್ಟೆ. ಸ್ಕ್ರೀನ್ ಪ್ರಿಂಟಿಂಗ್‌ಗೆ ಚೌಕಟ್ಟಿಗೆ ಬಿಗಿಯುತ್ತಾರಲ್ಲ, ಆ ನೈಲಾನ್. ಎಳೆಯ ಲೆಕ್ಕದಲ್ಲೇ ಸಿಗುತ್ತದೆ. ಅರ್ಧ ಮೀಟರಿಗೆ ಇನ್ನೂರೈವತ್ತೋ ಏನೋ ಕೊಟ್ಟೆ, ಇವತ್ತಿಗೂ ಮುಗಿದಿಲ್ಲ. ಲೆಕ್ಕದ ಪ್ರಕಾರ 160ರ ಬಟ್ಟೆ ಸರಿ. ಕಣ್ಣು ಬೇರೆಯೇ ಹೇಳುತ್ತದೆ. 160 ಹಾಕಿದರೆ ಒಳಗಿನ ಪಾತ್ರೆ ಕಾಣುವುದಿಲ್ಲ, ಬರೀ ಪರದೆ ಕಂಡಂತಾಗುತ್ತದೆ. 120 ಹಾಕಿದರೆ ಜಾಲರಿ ಅಂತ ಗೊತ್ತಾಗುತ್ತದೆ, ಒಳಗಿನ ಮೊಸರಿನ ಕುಡಿಕೆಯೂ ಕಾಣುತ್ತದೆ. ಅಳತೆಗಿಂತ ಇಲ್ಲಿ ಕಣ್ಣಿಗೇ ಮರ್ಯಾದೆ ಕೊಡಬೇಕು. ಬಣ್ಣ ಬೂದು, ಅದಕ್ಕೆ ಒಂದು ಚಿಟಿಕೆ ಬೆಳ್ಳಿ ಬಣ್ಣ. ತುಂಬ ನೀರಾಗಿಸಿ ಹಚ್ಚಿ, ತಕ್ಷಣ ಬಾಯಿಂದ ಊದಿದರೆ ತೂತು ಮುಚ್ಚುವುದಿಲ್ಲ. ಬಟ್ಟೆ ಜೋಲದೆ ಬಿಗಿಯಾಗಿ ನಿಲ್ಲುವಂತೆ ಹೇಗೆ ಮಾಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅಂಟು ಒಣಗುವಾಗ ಬಟ್ಟೆ ಸಡಿಲವಾಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಷ್ಟು ಹೇಳಿದರೆ ಕೈ ಪಳಗಿದವರಿಗೆ ಸಾಕು.

ಬಾಗಿಲಿಗೆ ಹೊರಗಿನಿಂದ ತರಿಸಿದ ಪುಟ್ಟ ಹಿತ್ತಾಳೆ ಕೀಲು ಹಾಕಬೇಡಿ. ಒಂದು ಜೋಡಿಗೆ ನೂರೈವತ್ತು ಇನ್ನೂರು ಆಗುತ್ತದೆ. ಅದರ ಮೊಳೆಗೆ ಎರಡು ಮಿಲಿಮೀಟರ್ ಮರದಲ್ಲಿ ಹಿಡಿತವೇ ಇರುವುದಿಲ್ಲ. ನಮ್ಮ ಹಳೇ ಮನೆಯ ಬಾಗಿಲುಗಳು ಮೇಲೆ ಕೆಳಗೆ ಗೂಟದ ಮೇಲೆ ತಿರುಗುತ್ತಿದ್ದವಲ್ಲ, ಅದೇ ಉಪಾಯ. ಗುಂಡುಪಿನ್ ತುಂಡು, ಅದಕ್ಕೆ ಸರಿಯಾದ ಡ್ರಿಲ್, ಅಂಚಿನಿಂದ ಒಂದೂವರೆ ಮಿಲಿಮೀಟರ್ ಒಳಗೆ. ಬಾಗಿಲಿನ ಹಿಂದಿನ ಅಂಚನ್ನು ಸ್ವಲ್ಪ ದುಂಡಗೆ ಮಾಡದಿದ್ದರೆ ತಿರುಗುವುದಿಲ್ಲ, ಮರೆಯಬೇಡಿ. ಸುತ್ತ ಬಿಡುವ ಸಂದಿಗೆ ವಿಸಿಟಿಂಗ್ ಕಾರ್ಡ್ ಒಳ್ಳೆಯ ಅಳತೆ. ಮಾರ್ಚಿನಲ್ಲಿ ಮಾಡಿದರೆ ಎರಡು ಕಾರ್ಡ್, ಮಳೆಗಾಲದಲ್ಲಿ ಮಾಡಿದರೆ ಒಂದು.

ಬಣ್ಣ ಹಚ್ಚುವುದು ಯಾವಾಗಲೂ ಅಂಟಿಸುವ ಮೊದಲು, ಅದು ನಿಮಗೆ ಗೊತ್ತೇ ಇದೆ. ನಾನು ಅಂಗಡಿಯ ಸ್ಟೇನ್ ಬಿಟ್ಟು ವರ್ಷಗಳಾದವು. ಕಡು ಟೀ ಡಿಕಾಕ್ಷನ್ ಒಂದು ಕೈ, ಒಣಗಿದ ಮೇಲೆ ತುಕ್ಕು ಮೊಳೆ ನೆನೆಸಿದ ವಿನಿಗರ್ ಒಂದು ಕೈ. ನೋಡನೋಡುತ್ತಿದ್ದಂತೆ ಹೊಗೆ ಹಿಡಿದ ಬೀಟೆ ಮರದ ಬಣ್ಣ ಬರುತ್ತದೆ. ಟೀ ಇಲ್ಲದೆ ಬರೀ ಮೊಳೆ ನೀರು ಹಚ್ಚಿದರೆ ಮಂಕು ಬೂದು ಅಷ್ಟೇ. ಎರಡು ಬದಿಗೂ ಒಟ್ಟಿಗೆ ಹಚ್ಚಿ, ಇಲ್ಲದಿದ್ದರೆ ಬಾಗುತ್ತದೆ. ಎಷ್ಟು ಮೊಳೆ, ಎಷ್ಟು ದಿನ ಅನ್ನುವುದನ್ನು ನೀವೇ ಮಾಡಿ ಕಂಡುಕೊಳ್ಳಿ. ನನ್ನ ಬೀರಿನ ಬಣ್ಣ ನನ್ನ ಗುರುತು.

ಬೀರಿನ ಕಾಲಿನ ಕೆಳಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತಿದ್ದರು. ಅದಿಲ್ಲದ ಜಾಲರಿ ಬೀರು ನನ್ನ ಲೆಕ್ಕದಲ್ಲಿ ಅರ್ಧ ಬೀರು. ಬಟ್ಟಲನ್ನು ಬಳಪದ ಕಲ್ಲಿನಲ್ಲಿ ಕೊರೆದೆ, ಒಂದು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ ಅಗಲ. ನೀರಿನಂತೆ ಕಾಣಲಿ ಅಂತ ಉಗುರು ಬಣ್ಣ ಸುರಿದರೆ ಒಣಗಿ ಕುಗ್ಗಿತು, ಗುಳ್ಳೆಯೂ ಬಂತು. ಯುವಿ ಬೆಳಕಿಗೆ ಗಟ್ಟಿಯಾಗುವ ಯುವಿ ರೆಸಿನ್ ದ್ರವವನ್ನು ಎರಡು ಪದರ ಹಾಕಿದ ಮೇಲೆ ನಿಂತ ನೀರೇ ಅನ್ನಿಸಿತು.

ಬಳಪದ ಕಲ್ಲು ಕೈಗೆ ಬಂದಮೇಲೆ ಸುಮ್ಮನೆ ಕೂರಲಾಗಲಿಲ್ಲ. ಒರಳುಕಲ್ಲು, ಗುಂಡು, ಬೀಸುಕಲ್ಲು ಎಲ್ಲ ಮಾಡಿದೆ. ನಯವಾಗಿ ಉಜ್ಜಿದರೆ ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಒರಟು ಸ್ಯಾಂಡ್ ಪೇಪರಿನಲ್ಲೇ ನಿಲ್ಲಿಸಿ ಹಳೇ ಟೂತ್‌ಬ್ರಷ್‌ನಿಂದ ಕಪ್ಪು ಪುಡಿ ತಿಕ್ಕಬೇಕು. ಕಲ್ಲನ್ನು ಒದ್ದೆ ಮಾಡಿಕೊಂಡೇ ಉಜ್ಜಿ, ಮಾಸ್ಕ್ ಹಾಕಿ, ಆ ಪುಡಿ ಎದೆಗೆ ಒಳ್ಳೆಯದಲ್ಲ. ರೆಡ್ ಆಕ್ಸೈಡ್ ನೆಲವನ್ನೂ ಪ್ಲೈವುಡ್ ಮೇಲೆ ಹಾಕಿ ನೋಡಿದೆ, ಬಿಳಿ ಸಿಮೆಂಟು ಸೇರಿಸಿ. ವಾರದೊಳಗೆ ಬಿರುಕು. ಈಗ ರೆಡ್ ಆಕ್ಸೈಡ್ ಪುಡಿಯನ್ನು ಫೆವಿಕಾಲ್ ನೀರಿನಲ್ಲಿ ಕಲಸಿ ತೆಳ್ಳಗೆ ಎಳೆದು, ಒಣಗಿದ ಮೇಲೆ ಮೇಣ ತಿಕ್ಕುತ್ತೇನೆ.

ತಟ್ಟೆ ಸ್ಟ್ಯಾಂಡ್ ಬಗ್ಗೆ ಕೇಳುವವರು ತುಂಬ ಜನ. ಸ್ಟೀಲ್ ತಂತಿಯ ಹಿಂದೆ ಹೋಗಬೇಡಿ, ಬೆಸುಗೆ ಹಿಡಿಯಲೆಂದು ಹಚ್ಚುವ ಮಾಮೂಲಿ ಫ್ಲಕ್ಸ್‌ಗೆ ಅದರಲ್ಲಿ ಬೆಸುಗೆ ಹಿಡಿಯುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ತವರ ಲೇಪಿಸಿದ ತಾಮ್ರದ ತಂತಿ ಕೇಳಿ, 24 ಗೇಜ್. ಬಣ್ಣ ಬೆಳ್ಳಿಯದೇ, ಬೆಸುಗೆ ತಕ್ಷಣ ಕೂರುತ್ತದೆ. ಒಂದು ತುದಿ ವೈಸಿಗೆ ಕಚ್ಚಿ ಇನ್ನೊಂದು ತುದಿ ಇಕ್ಕಳದಲ್ಲಿ ಎಳೆದರೆ ನೇರವಾಗುತ್ತದೆ. ಪಕ್ಕದ ಬೆಸುಗೆ ಕರಗದಂತೆ ಒದ್ದೆ ಟಿಶ್ಯೂ ಸುತ್ತಿ. ಇದರ ಮೇಲೆ ಇನ್ನೂ ಕೆಲಸ ನಡೆದಿದೆ, ಲೋಟ ಸಿಕ್ಕಿಸುವ ಕೊಕ್ಕೆಗಳು ನನಗೆ ಬೇಕಾದಷ್ಟು ಒಂದೇ ಸಮ ಬರುತ್ತಿಲ್ಲ.

ದುಡ್ಡಿನ ಮಾತು. ಒಂದು ಬೀರಿಗೆ ಸಾಮಾನಿನ ಖರ್ಚು ಇನ್ನೂರು ದಾಟುವುದಿಲ್ಲ. ಕೆಲಸ ಹದಿನಾಲ್ಕು ಹದಿನೈದು ಗಂಟೆ. ಎರಡು ಒಟ್ಟಿಗೆ ಮಾಡಿದರೆ ಒಂದಕ್ಕೆ ಹತ್ತಕ್ಕೆ ಇಳಿಯುತ್ತದೆ, ಯಾಕೆಂದರೆ ಕಚ್ಚಿನ ಕೆಲಸ ಒಂದೇ ಸಲ. ಮೊದಮೊದಲು 1,800ಕ್ಕೆ ಕೊಟ್ಟೆ. ಈಗ ನೀರಿನ ಬಟ್ಟಲಿನ ಸಮೇತ 4,500. ಒಲೆ, ಒರಳು, ನಾಗಂದಿಗೆ, ಬೀರು, ಮಣೆ ಸೇರಿದ ಪೂರ್ತಿ ಅಡುಗೆಮನೆ 18,000ದ ಹತ್ತಿರ. ಜಾಸ್ತಿ ಬೇಡಿಕೆ ನವರಾತ್ರಿ ಗೊಂಬೆ ಕೂರಿಸುವವರಿಂದ, ಅದರಲ್ಲೂ ಊರು ಬಿಟ್ಟು ದೂರ ಇರುವವರಿಂದ. ಅಜ್ಜಿಯ ಮನೆಯ ಬೀರಿನ ಫೋಟೋ ಕಳಿಸಿ "ಇದೇ ಬೇಕು" ಅನ್ನುತ್ತಾರೆ. ಶ್ರಾವಣದ ಮೇಲೆ ಬಂದ ಬೇಡಿಕೆ ನಾನು ಒಪ್ಪುವುದಿಲ್ಲ, ಬಣ್ಣ ಒಣಗಲು ಸಮಯ ಸಿಗುವುದಿಲ್ಲ. ಹೊಸದಾಗಿ ಮಾರಲು ಶುರು ಮಾಡಿದವರು ದಯವಿಟ್ಟು ಎರಡು ಸಾವಿರದ ಕೆಳಗೆ ಬೆಲೆ ಹೇಳಬೇಡಿ. ಗಂಟೆಗೆ ನೂರೈವತ್ತರಂತೆ ನಿಮ್ಮ ಕೂಲಿ ಹಾಕಿಕೊಂಡರೂ ಅದು ಗಿಟ್ಟುವುದಿಲ್ಲ.