ಇಳಿಜಾರಿನಲ್ಲಿ ಕಾರು ನಿಲ್ಲಿಸುವುದು ಹೇಗೆ? ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ

ರಾಯಚೂರಿನಲ್ಲೋ ದಾವಣಗೆರೆಯಲ್ಲೋ ಕಾರು ಓಡಿಸುವವರಿಗೆ ಹ್ಯಾಂಡ್‌ಬ್ರೇಕಿನ ನೆನಪಾಗುವುದೇ ಅಪರೂಪ. ರಸ್ತೆ ಸಮ, ಮನೆ ಮುಂದಿನ ಜಾಗವೂ ಸಮ. ಗೇರಿಗೆ ಹಾಕಿ ಇಳಿದರೆ ಮುಗಿಯಿತು. ಅದೇ ಕಾರು ದಸರಾ ರಜೆಯಲ್ಲಿ ಮಡಿಕೇರಿಗೆ ಹೋಗುತ್ತದೆ. ಒಳಗೆ ಐದು ಜನ, ಹಿಂದೆ ತುಂಬಾ ಬ್ಯಾಗು. ಪೇಟೆಯ ಏರಿನಲ್ಲಿ ಅಂತೂ ಒಂದು ಜಾಗ ಸಿಕ್ಕಿತು ಎಂದು ನಿಲ್ಲಿಸಿ ಲಿವರ್ ಎಳೆದರೆ, ಅದು ಕಟಕಟ ಅನ್ನುತ್ತಾ ನೆಟ್ಟಗೆ ನಿಲ್ಲುವಷ್ಟು ಮೇಲೆ ಬರುತ್ತದೆ. ಕಾಲು ತೆಗೆದರೆ ಕಾರು ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ಹ್ಯಾಂಡ್‌ಬ್ರೇಕ್ ಕೆಟ್ಟಿದೆ ಎಂದು ಗೊತ್ತಾಗಲು ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಊರು ಬಿಡುವ ಮುಂಚೆ ಹತ್ತು ನಿಮಿಷ ಕೊಟ್ಟರೆ ಇದು ಮನೆ ಹತ್ತಿರವೇ ಗೊತ್ತಾಗುತ್ತದೆ.

ಲಿವರ್ ಎಳೆದಾಗ ಏನಾಗುತ್ತದೆ?

ಕಾಲಿನ ಬ್ರೇಕು ನಾಲ್ಕೂ ಚಕ್ರ ಹಿಡಿಯುತ್ತದೆ, ಅದು ಬ್ರೇಕ್ ಆಯಿಲ್‌ನ ಒತ್ತಡದಿಂದ. ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರ ಮಾತ್ರ, ಅದೂ ಉಕ್ಕಿನ ಕೇಬಲ್ ಎಳೆದು. ಸೈಕಲ್ ಬ್ರೇಕಿನ ತಂತಿ ಇದ್ದ ಹಾಗೆಯೇ, ದಪ್ಪ ಜಾಸ್ತಿ ಅಷ್ಟೆ. ಸಣ್ಣ ಕಾರುಗಳಲ್ಲಿ ಹಿಂದೆ ಡ್ರಮ್ ಇರುತ್ತದೆ, ಅಂದರೆ ಚಕ್ರದ ಜೊತೆಗೇ ತಿರುಗುವ ಡಬ್ಬಿಯಂಥ ಭಾಗ. ಕೇಬಲ್ ಎಳೆದಾಗ ಡ್ರಮ್ಮಿನೊಳಗಿನ ಎರಡು ಬ್ರೇಕ್ ಶೂ ಅಗಲಗೊಂಡು ಗೋಡೆಗೆ ಒತ್ತಿ ನಿಲ್ಲುತ್ತವೆ. ಕಟಕಟ ಸದ್ದು ಲಿವರಿನ ಬುಡದಲ್ಲಿರುವ ಹಲ್ಲುಗಳದ್ದು. ಕೈಬಿಟ್ಟರೂ ಲಿವರ್ ಕೆಳಗೆ ಬೀಳದಂತೆ ತಡೆಯುವುದು ಆ ಹಲ್ಲುಗಳೇ.

ಎರಡೇ ಚಕ್ರ ಎಂಬುದನ್ನು ನೆನಪಿಡಿ. ಮೂತಿ ಕೆಳಗೆ ಮಾಡಿ ನಿಲ್ಲಿಸಿದ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಜಲ್ಲಿಯೋ ಪಾಚಿಯೋ ಇದ್ದರೆ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಹಿಡಿದಿದ್ದರೂ ಹಿಂದಿನ ಟೈರು ಹಾಗೇ ಜಾರಬಹುದು. ಗೇರ್ ಬೇಕಾಗುವುದು ಇದಕ್ಕೇ. ನಮ್ಮ ಹೆಚ್ಚಿನ ಕಾರುಗಳನ್ನು ಎಂಜಿನ್ ಎಳೆಯುವುದು ಮುಂದಿನ ಚಕ್ರದಿಂದ. ಗೇರಿಗೆ ಹಾಕಿ ಎಂಜಿನ್ ಆಫ್ ಮಾಡಿದರೆ ಮುಂದಿನ ಎರಡು ಚಕ್ರಕ್ಕೂ ತಡೆ ಸಿಗುತ್ತದೆ. ಹಿಂದೆ ಹ್ಯಾಂಡ್‌ಬ್ರೇಕ್, ಮುಂದೆ ಗೇರ್. ಎರಡೂ ಇದ್ದರೇ ನಾಲ್ಕು ಚಕ್ರ.

1000 ಕೆ.ಜಿ. ತೂಗುವ ಕಾರು 100 ಅಡಿಗೆ 20 ಅಡಿ ಏರುವ ರಸ್ತೆಯಲ್ಲಿ ನಿಂತರೆ, ಅದನ್ನು ಕೆಳಗೆ ಎಳೆಯುವ ಬಲ ಸುಮಾರು 195 ಕೆ.ಜಿ. ಭಾರದಷ್ಟು. ಜನ, ಸಾಮಾನು ಸೇರಿ ಇನ್ನೂ 400 ಕೆ.ಜಿ. ಆದರೆ ಅದು 270 ದಾಟುತ್ತದೆ. ಮನೆ ಮುಂದೆ ಖಾಲಿ ಕಾರನ್ನು ಹಿಡಿದ ಬ್ರೇಕು ಘಾಟಿಯಲ್ಲಿ ಕೈಕೊಡುವುದು ಹೀಗೆ.

ಮನೆ ಹತ್ತಿರವೇ ಪರೀಕ್ಷೆ

ಮೊದಲು ಕಟಕಟ ಎಣಿಸಿ. ಸಮ ಜಾಗದಲ್ಲಿ, ಎಂಜಿನ್ ಆಫ್ ಮಾಡಿ, ತುದಿಯ ಬಟನ್ ಒತ್ತದೆ ಲಿವರನ್ನು ನಿಧಾನವಾಗಿ ಎಳೆಯಿರಿ. ಎಷ್ಟು ಸದ್ದಿಗೆ ಬಿಗಿಯಾಗಬೇಕು ಎಂಬುದು ಕಾರಿನಿಂದ ಕಾರಿಗೆ ಬೇರೆ, ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತಾರೆ. ಸಾಮಾನ್ಯವಾಗಿ ಐದರಿಂದ ಎಂಟರೊಳಗೆ ಗಟ್ಟಿಯಾಗಿ ನಿಲ್ಲಬೇಕು. ಹತ್ತು ದಾಟಿಯೂ ಮೇಲೆ ಬರುತ್ತಿದ್ದರೆ ಗ್ಯಾರೇಜಿಗೆ ಹೋಗುವ ಹೊತ್ತಾಗಿದೆ.

ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದುಕೊಂಡೇ ಫಸ್ಟ್ ಗೇರಿಗೆ ಹಾಕಿ. ಎದುರು ಯಾರೂ ಇರಬಾರದು, ಗೋಡೆಯೂ ಹತ್ತಿರ ಇರಬಾರದು. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಬ್ರೇಕು ಸರಿ ಇದ್ದರೆ ಎಂಜಿನ್ ನಡುಗಿ ಆಫ್ ಆಗಲು ನೋಡುತ್ತದೆ. ಕಾರು ಆರಾಮಾಗಿ ಮುಂದೆ ಹೊರಟರೆ ಬ್ರೇಕಿನಲ್ಲಿ ದಮ್ಮಿಲ್ಲ. ಒಂದು ಸಲ ಮಾಡಿದರೆ ಸಾಕು. ಸುಮ್ನೆ ಮತ್ತೆ ಮತ್ತೆ ಮಾಡಿ ಕ್ಲಚ್ ಸುಡಬೇಡಿ.

ನಿಜವಾದ ಪರೀಕ್ಷೆ ಏರಿನಲ್ಲಿ. ಜನ ಓಡಾಡದ, ಹಿಂದೆ ಮುಂದೆ ಖಾಲಿ ಇರುವ ಒಂದು ಸಣ್ಣ ದಿಬ್ಬ ಹುಡುಕಿ. ಕಾಲಿನ ಬ್ರೇಕ್ ಒತ್ತಿಕೊಂಡು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲನ್ನು ಪೆಡಲ್ ಮೇಲೇ ಇಟ್ಟುಕೊಂಡು ಒತ್ತಡ ಸಡಿಲಿಸಿ. ಒಂದೆರಡು ಇಂಚು ಕುಲುಕಿ ನಿಂತರೆ ಪರವಾಗಿಲ್ಲ. ಹರಿಯುತ್ತಲೇ ಇದ್ದರೆ ತಕ್ಷಣ ಕಾಲಿನ ಬ್ರೇಕ್ ಒತ್ತಿ. ಮೂತಿ ಮೇಲೆ ಮಾಡಿ ಒಮ್ಮೆ, ಕೆಳಗೆ ಮಾಡಿ ಒಮ್ಮೆ ನೋಡಿ. ಒಂದು ಕಡೆ ಹಿಡಿದು ಇನ್ನೊಂದು ಕಡೆ ಬಿಡುವ ಕಾರುಗಳೂ ಇವೆ.

ಲಿವರ್ ಬಿಟ್ಟ ಮೇಲೆ ಬ್ರೇಕು ಪೂರ್ತಿ ಬಿಡುತ್ತದಾ ಎಂಬುದನ್ನೂ ನೋಡಬೇಕು. ಸ್ವಲ್ಪ ದೂರ ಓಡಿಸಿ ಬಂದು ಹಿಂದಿನ ಚಕ್ರಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಇನ್ನೊಂದಕ್ಕಿಂತ ಜಾಸ್ತಿ ಬಿಸಿಯಿದ್ದರೆ, ಸುಟ್ಟ ವಾಸನೆ ಬಂದರೆ, ಆ ಕಡೆಯ ಬ್ರೇಕು ಹಿಡಿದುಕೊಂಡೇ ಓಡಿದೆ ಎಂದರ್ಥ.

ಯಾವ ಲಕ್ಷಣಕ್ಕೆ ಯಾವ ದೋಷ?

ಲಿವರ್ ತುಂಬಾ ಮೇಲೆ ಬಂದರೆ ಒಂದೋ ಶೂ ಸವೆದಿದೆ, ಇಲ್ಲ ಕೇಬಲ್ ಉದ್ದವಾಗಿದೆ, ಇಲ್ಲವೇ ಡ್ರಮ್ಮಿನೊಳಗಿನ ಅಡ್ಜಸ್ಟರ್ ಜಾಮ್ ಆಗಿದೆ. ಯಾವುದು ಎಂದು ಬಿಚ್ಚಿ ನೋಡಬೇಕು, ಆದರೆ ಗ್ಯಾರೇಜಿನಲ್ಲಿ ನಡೆಯುವುದೇ ಬೇರೆ. ಮೆಕ್ಯಾನಿಕ್ ಲಿವರಿನ ಕವರ್ ಎತ್ತಿ, ಒಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ನಾಲ್ಕು ಸುತ್ತು ಬಿಗಿ ಮಾಡಿ, ‘ಆಯ್ತು ಸಾರ್, ನೋಡಿ’ ಎನ್ನುತ್ತಾನೆ. ಎಳೆದು ನೋಡಿದರೆ ನಾಲ್ಕೇ ಸದ್ದಿಗೆ ಗಟ್ಟಿ. ಖುಷಿ ಆಗುತ್ತದೆ, ದುಡ್ಡೂ ಕಮ್ಮಿ. ಆದರೆ ಒಳಗೆ ಶೂ ಸವೆದಿರುವುದು ಹಾಗೇ ಇದೆ. ಕೇಬಲ್ಲನ್ನು ಹಾಗೆ ಎಳೆದು ಕಟ್ಟಿದರೆ ಶೂಗಳಿಗೆ ಪೂರ್ತಿ ಹಿಂದೆ ಬರಲು ಆಗುವುದಿಲ್ಲ. ಸವೆತಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳಬೇಕಾದ ಅಡ್ಜಸ್ಟರ್ ಕೂಡ ಕೆಲಸ ನಿಲ್ಲಿಸುತ್ತದೆ. ಶೂ ಡ್ರಮ್ಮಿಗೆ ಉಜ್ಜುತ್ತಾ ಓಡುತ್ತದೆ, ಮೈಲೇಜ್ ಇಳಿಯುತ್ತದೆ, ಕೆಲವೇ ತಿಂಗಳಲ್ಲಿ ಲಿವರ್ ಮತ್ತೆ ಮೇಲೆ. ಸರಿಯಾದ ಕ್ರಮ ಎಂದರೆ ಮೊದಲು ಡ್ರಮ್ ಬಿಚ್ಚಬೇಕು, ಶೂ ನೋಡಬೇಕು, ಧೂಳು ತೆಗೆಯಬೇಕು, ಅಡ್ಜಸ್ಟರ್ ಸರಿಪಡಿಸಬೇಕು. ಕೊನೆಗೆ ಉಳಿದ ಸಡಿಲಕ್ಕೆ ಮಾತ್ರ ಕೇಬಲ್ ನಟ್. ‘ಡ್ರಮ್ ಬಿಚ್ಚಿ ನೋಡಿ’ ಎಂದು ಬಾಯಿಬಿಟ್ಟು ಕೇಳಿ. ಶೂ ಬದಲಿಸುವುದಾದರೆ ಎರಡೂ ಕಡೆಯದು ಒಟ್ಟಿಗೇ ಬದಲಿಸಿ.

ಲಿವರ್ ಬಿಗಿಯೇ ಇಲ್ಲದೆ ಸಲೀಸಾಗಿ ಎದ್ದು ಬಂದರೆ ಕೇಬಲ್ ತುಂಡಾಗಿದೆ. ಎಳೆದ ಲಿವರ್ ತಾನಾಗಿ ಕೆಳಗೆ ಬಿದ್ದರೆ ಹಲ್ಲು ಸವೆದಿದೆ. ಇವೆರಡರಲ್ಲಿ ಯಾವುದಾದರೂ ಸರಿ, ರಿಪೇರಿ ಆಗುವವರೆಗೆ ಘಾಟಿ ಹತ್ತಬೇಡಿ.

ಲಿವರ್ ಗಟ್ಟಿಯಾಗಿದ್ದು ಬ್ರೇಕು ಹಿಡಿಯದಿದ್ದರೆ, ಅಥವಾ ಹಿಡಿದದ್ದು ಬಿಡದಿದ್ದರೆ, ಕೇಬಲ್ಲಿನ ಹೊದಿಕೆಯೊಳಗೆ ತುಕ್ಕು ಸೇರಿರಬಹುದು. ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿ ಎರಡೂ ಇದಕ್ಕೆ ಒಳ್ಳೆಯ ಹವಾ. ಹೊದಿಕೆ ಒಂದು ಕಡೆ ಹರಿದರೆ ಸಾಕು, ನೀರು ಒಳಗೆ ಹೋಗುತ್ತದೆ. ಎಣ್ಣೆ ಬಿಟ್ಟು ಕಾಲ ತಳ್ಳುವುದಕ್ಕಿಂತ ಕೇಬಲ್ ಬದಲಿಸುವುದೇ ಮೇಲು.

ಹಿಂದಿನ ಟೈರಿನ ಒಳಬದಿ ಒದ್ದೆಯಾಗಿ ಜಿಡ್ಡು ಕಂಡರೆ ಹುಷಾರು. ಡ್ರಮ್ಮಿನೊಳಗೆ ಬ್ರೇಕ್ ಆಯಿಲ್ ಸೋರುತ್ತಿರಬಹುದು. ಶೂಗೆ ಎಣ್ಣೆ ತಾಗಿದರೆ ಹ್ಯಾಂಡ್‌ಬ್ರೇಕೂ ಹೋಯಿತು, ಕಾಲಿನ ಬ್ರೇಕೂ ಅರ್ಧ ಹೋಯಿತು. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನೂ ಗಮನಿಸಿ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿಗೂ ಬ್ರೇಕ್ ಆಯಿಲ್ ಕಮ್ಮಿಯಾಗಿದ್ದಕ್ಕೂ ಅದೇ ಒಂದು ದೀಪ. ಲಿವರ್ ಪೂರ್ತಿ ಇಳಿಸಿದ ಮೇಲೂ ಉರಿಯುತ್ತಿದ್ದರೆ ‘ಸ್ವಿಚ್ ಹೋಗಿರಬೇಕು’ ಎಂದುಕೊಂಡು ಓಡಿಸಬೇಡಿ.

ಮಳೆಯಲ್ಲಿ ಓಡಿಸಿ ಬಂದು, ಅಥವಾ ಕಾರು ತೊಳೆದ ಕೂಡಲೇ, ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕಾರು ದಿನ ಬಿಟ್ಟರೆ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ನಿಲ್ಲಿಸುವ ಮುಂಚೆ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಓಡಿಸಿದರೆ ನೀರು ಆರುತ್ತದೆ. ತುಂಬಾ ದಿನ ಬಿಡುವುದಾದರೆ ಸಮ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಿ.

ಈಗ ನಿಲ್ಲಿಸೋಣ

ಡ್ರೈವರ್ ಇಲ್ಲದ ವಾಹನ ತಾನಾಗಿ ಚಲಿಸದಂತೆ ಎಂಜಿನ್ ಆಫ್ ಮಾಡಿ ಬ್ರೇಕ್ ಹಾಕಿರಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಹೇಳುತ್ತದೆ. ಅಂದರೆ ಉರುಳಿದ ಕಾರಿಗೆ ‘ತಾನಾಗೇ ಹೋಯ್ತು’ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿ ಕಾರು ನಿಲ್ಲಿಸಿ. ಎಂಜಿನ್ ಇನ್ನೂ ಓಡುತ್ತಿರುವಾಗಲೇ ಸ್ಟೇರಿಂಗ್ ತಿರುಗಿಸಿಕೊಳ್ಳಿ. ಮೂತಿ ಕೆಳಗಿದ್ದರೆ ಎಡಕ್ಕೆ, ಫುಟ್‌ಪಾತಿನ ಕಡೆಗೆ. ಮೂತಿ ಮೇಲಿದ್ದು ಪಕ್ಕದಲ್ಲಿ ಫುಟ್‌ಪಾತಿನ ಕಲ್ಲು ಇದ್ದರೆ ಬಲಕ್ಕೆ. ಆಗ ಕಾರು ಹಿಂದೆ ಜಾರಿದರೂ ಮುಂದಿನ ಎಡ ಚಕ್ರ ಕಲ್ಲಿಗೆ ತಾಗಿ ನಿಲ್ಲುತ್ತದೆ. ಮೂತಿ ಮೇಲಿದ್ದು ಫುಟ್‌ಪಾತೇ ಇಲ್ಲದಿದ್ದರೆ ಎಡಕ್ಕೆ, ಜಾರಿದರೂ ರಸ್ತೆಗೆ ಅಡ್ಡ ಬರದೆ ಅಂಚಿಗೆ ಹೋಗಲಿ ಅಂತ.

ಈ ಕೊನೆಯ ಸೂತ್ರ ನಮ್ಮ ಘಾಟಿಗಳಲ್ಲಿ ಕಣ್ಣುಮುಚ್ಚಿ ಪಾಲಿಸುವಂಥದ್ದಲ್ಲ. ಚಾರ್ಮಾಡಿಯಲ್ಲಾಗಲಿ ಆಗುಂಬೆಯಲ್ಲಾಗಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಹೋಗುವಾಗ ಎಡಕ್ಕಿದ್ದ ಗುಡ್ಡ ಬರುವಾಗ ಬಲಕ್ಕೆ. ಎಡಗಡೆ ಗುಡ್ಡವೋ ಚರಂಡಿಯೋ ಇದ್ದರೆ ಅದಕ್ಕೆ ತಾಗುವಂತೆ ಚಕ್ರ ತಿರುಗಿಸಿ. ಎಡಗಡೆ ಪ್ರಪಾತ ಇದ್ದರೆ ಅಲ್ಲಿ ನಿಲ್ಲಿಸಲೇಬೇಡಿ, ನೋಟ ಎಷ್ಟೇ ಚೆನ್ನಾಗಿರಲಿ. ತಿರುವಿನಲ್ಲೂ ಏರಿನ ತುದಿಯಲ್ಲೂ ಬೇಡ, ಎದುರಿನಿಂದ ಬರುವವರಿಗೆ ನೀವು ಕಾಣುವುದಿಲ್ಲ.

ಸ್ಟೇರಿಂಗ್ ಆದ ಮೇಲೆ ನ್ಯೂಟ್ರಲ್. ಹ್ಯಾಂಡ್‌ಬ್ರೇಕನ್ನು ಪೂರ್ತಿ ಎಳೆಯಿರಿ. ಕಾಲನ್ನು ನಿಧಾನಕ್ಕೆ ಸಡಿಲಿಸಿ, ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲಿ. ಕಾರು ನಿಂತಿತಾ? ಈಗ ಮತ್ತೆ ಕಾಲಿನ ಬ್ರೇಕ್ ಒತ್ತಿ ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ ಗೇರಿಗೆ ಹಾಕಿ. ಮೂತಿ ಮೇಲಿದ್ದರೆ ಫಸ್ಟ್, ಕೆಳಗಿದ್ದರೆ ರಿವರ್ಸ್. ಮೊದಲು ಕ್ಲಚ್ ಬಿಡಿ, ಆಮೇಲೆ ಬ್ರೇಕ್. ಟಾಪ್ ಗೇರಿನಲ್ಲಿ ಬಿಟ್ಟರೆ ಪ್ರಯೋಜನವಿಲ್ಲ, ಎಂಜಿನ್ ತಡೆ ತೀರಾ ಕಮ್ಮಿ.

ಆಟೊಮ್ಯಾಟಿಕ್ ಕಾರಿನಲ್ಲೂ ಹೆಚ್ಚುಕಮ್ಮಿ ಇದೇ ಕ್ರಮ, ಗೇರಿನ ಜಾಗದಲ್ಲಿ ‘ಪಿ’ (ಪಾರ್ಕ್), ಅದನ್ನು ಎಂಜಿನ್ ಆಫ್ ಮಾಡುವ ಮುಂಚೆಯೇ ಹಾಕಬೇಕು. ನೇರವಾಗಿ ‘ಪಿ’ಗೆ ಹಾಕಿ ಕಾಲು ತೆಗೆಯುವ ಅಭ್ಯಾಸ ಬಹಳ ಜನಕ್ಕಿದೆ. ಆಗ ಇಡೀ ಕಾರಿನ ಭಾರ ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ. ಹೊರಡುವಾಗ ‘ಟಪ್’ ಎಂದು ಕಾರು ಅದುರುವುದು ಅದಕ್ಕೇ. ಇನ್ನು ಎಎಂಟಿ, ಅಂದರೆ ಮಾಮೂಲಿ ಗೇರ್‌ಬಾಕ್ಸಿನ ಕ್ಲಚ್ಚು-ಗೇರನ್ನು ಯಂತ್ರವೇ ಬದಲಿಸುವ ಕಾರುಗಳವರು ಗಮನಿಸಿ. ಮಾರುತಿಯ ಎಜಿಎಸ್ ಥರದ ಗೇರ್‌ಬಾಕ್ಸಿನಲ್ಲಿ ‘ಪಿ’ ಎಂಬುದೇ ಇಲ್ಲ. ‘ಎನ್’ನಲ್ಲಿ ಬಿಟ್ಟು ಇಳಿದರೆ ಇರುವುದು ಹ್ಯಾಂಡ್‌ಬ್ರೇಕ್ ಒಂದೇ. ಬ್ರೇಕ್ ಒತ್ತಿಕೊಂಡು, ಏರಾದರೆ ಮುಂದಿನ ಗೇರಿನಲ್ಲಿ, ಇಳಿಜಾರಾದರೆ ‘ಆರ್’ನಲ್ಲಿ ಇರುವಾಗಲೇ ಎಂಜಿನ್ ಆಫ್ ಮಾಡಬೇಕು.

ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಸ್ವಿಚ್ ಎಳೆದು ದೀಪ ಬಂದಿದೆಯಾ ನೋಡಿ ಇಳಿಯಿರಿ. ‘ಆಟೊ ಹೋಲ್ಡ್’ ಇರುವುದು ಸಿಗ್ನಲ್ಲಿನಲ್ಲಿ ಕಾಲಿಗೆ ವಿಶ್ರಾಂತಿ ಕೊಡಲು, ಏರಿನಲ್ಲಿ ಹೊರಡುವಾಗ ಹಿಂದೆ ಜಾರದಂತೆ ತಡೆಯುವ ‘ಹಿಲ್ ಹೋಲ್ಡ್’ ಹಿಡಿಯುವುದು ಒಂದೆರಡು ಸೆಕೆಂಡು. ಅವನ್ನು ನಂಬಿ ಇಳಿಯುವ ಹಾಗಿಲ್ಲ. ಹಿಂದೆಯೂ ಡ್ರಮ್ಮಿನ ಬದಲು ಡಿಸ್ಕ್ (ಬ್ರೇಕು ಹಿಡಿಯುವ ಲೋಹದ ತಟ್ಟೆ) ಇರುವ ಕಾರಿನಲ್ಲಿ ಘಾಟಿ ಇಳಿದು ಬಂದ ಕೂಡಲೇ ನಿಲ್ಲಿಸಿದರೆ ಇನ್ನೊಂದು ತೊಂದರೆ. ಕಾದ ಡಿಸ್ಕ್ ತಣ್ಣಗಾಗುತ್ತಾ ಕುಗ್ಗುತ್ತದೆ, ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಕೈಯಿಂದ ಎಳೆಯುವ ಲಿವರ್ ಆಗಿದ್ದರೆ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಎಳೆದು ಬನ್ನಿ.

ಮಕ್ಕಳನ್ನು ಮಾತ್ರ ಒಳಗೆ ಬಿಟ್ಟು ಹೋಗಬೇಡಿ. ಲಿವರಿನ ಬಟನ್ ಅವರ ಕೈಗೆ ಎಟುಕುವ ಎತ್ತರದಲ್ಲೇ ಇರುತ್ತದೆ.

ಕಲ್ಲು ಕೊಡುವುದು, ತೆಗೆಯುವುದು

ಏರು ಕಡಿದಾಗಿದ್ದರೆ ಚಕ್ರಕ್ಕೆ ಕಲ್ಲು ಕೊಡಲು ನಾಚಿಕೆ ಬೇಡ, ಲಾರಿಯವರು ದಿನಾ ಮಾಡುವುದು ಅದನ್ನೇ. ದುಂಡಗಿನ ಕಲ್ಲು ಬೇಡ, ಉರುಳುತ್ತದೆ. ಮರದ ಬೆಣೆ ಎರಡು ಮಾಡಿಸಿ ಡಿಕ್ಕಿಯಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಇಡಬೇಕಾದ್ದು ಚಕ್ರದ ಇಳಿಜಾರಿನ ಬದಿಗೆ, ಟೈರಿಗೆ ಅಂಟಿದ ಹಾಗೆ. ನಡುವೆ ಅಂತರ ಬಿಟ್ಟರೆ ಕಾರು ವೇಗ ಹಿಡಿದು ಅದನ್ನು ಹತ್ತಿ ಹೋಗಬಹುದು.

ಹೊರಡುವಾಗ ಅವಸರ ಬೇಡ. ಮೊದಲು ಡ್ರೈವರ್ ಸೀಟಿನಲ್ಲಿ ಕೂತು ಕಾಲಿನ ಬ್ರೇಕ್ ಒತ್ತಬೇಕು, ಆಮೇಲೆ ಇನ್ನೊಬ್ಬರು ಕಲ್ಲು ತೆಗೆಯಬೇಕು. ತೆಗೆಯುವವರು ಕಾರಿನ ಪಕ್ಕದಲ್ಲಿ ನಿಲ್ಲಬೇಕು, ಹಿಂದೆಯೋ ಮುಂದೆಯೋ ಬಗ್ಗಿ ಕೂರಬಾರದು. ಕಲ್ಲಿನ ಮೇಲೆ ಭಾರ ಕೂತು ಅದು ಬರದಿದ್ದರೆ ಒದೆಯಬೇಡಿ, ಡ್ರೈವರ್ ಕಾರನ್ನು ಅಂಗೈಯಷ್ಟು ಏರಿಸಿದರೆ ತಾನೇ ಸಡಿಲವಾಗುತ್ತದೆ. ತೆಗೆದ ಕಲ್ಲನ್ನು ರಸ್ತೆ ಮಧ್ಯೆ ಬಿಟ್ಟು ಹೋಗಬೇಡಿ, ಹಿಂದೆ ಬೈಕಿನವರು ಬರುತ್ತಿರುತ್ತಾರೆ.

ಇಷ್ಟಾದರೂ ಕಾರು ಉರುಳತೊಡಗಿದರೆ ಅಡ್ಡ ನಿಂತು ತಡೆಯಲು, ಬಾಗಿಲು ತೆಗೆದು ಹಾರಿ ಕೂರಲು ಹೋಗಬೇಡಿ. ಕಾರಿಗೂ ಗೋಡೆಗೂ ನಡುವೆ, ಅಥವಾ ತೆರೆದ ಬಾಗಿಲಿನಡಿ ಸಿಕ್ಕಿಕೊಳ್ಳುವುದು ಹಾಗೆ ಹೋದವರೇ. ಜೋರಾಗಿ ಕೂಗಿ ಕೆಳಗಿನವರನ್ನು ಸರಿಸಿ. ಕಾರು ಹೋಗಿ ಎಲ್ಲಿಗೋ ಗುದ್ದಲಿ, ಅದಕ್ಕೆ ಇನ್ಶೂರೆನ್ಸ್ ಇದೆ.